ಕಾಗದದ ಮಾದರಿ ಕಟ್ಟಲು ಎಲ್ಲಿಂದ ಶುರು ಮಾಡಬೇಕು?

ಮನೆಗೆ ಬಂದವರು ನನ್ನ ಕಪಾಟಿನಲ್ಲಿರುವ ದೀಪಸ್ತಂಭವನ್ನೋ ಹಡಗನ್ನೋ ಕೈಗೆತ್ತಿಕೊಂಡು, ಅದು ಬರಿಯ ಕಾಗದವೆಂದು ತಿಳಿದ ಮೇಲೆ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ನಾನೂ ಮಾಡಬೇಕೆಂದರೆ ಏನೇನು ಕೊಳ್ಳಬೇಕು?’ ಕೊಳ್ಳುವ ಪಟ್ಟಿ ಬಹಳ ಚಿಕ್ಕದು, ಅದನ್ನು ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು ಯಾವ ಆಕಾರದ ಮಾದರಿಯನ್ನು ಆರಿಸಿಕೊಳ್ಳುತ್ತೀರಿ ಎಂಬುದು ತೀರ್ಮಾನವಾಗಬೇಕು. ಈ ಹವ್ಯಾಸವನ್ನು ಅರ್ಧಕ್ಕೆ ಬಿಟ್ಟವರಲ್ಲಿ ಹೆಚ್ಚಿನವರು ಎಡವಿದ್ದು ಅಲ್ಲಿಯೇ ಎಂಬುದು ನನ್ನ ಅನಿಸಿಕೆ. ನಾನಿಲ್ಲಿ ಹೇಳುತ್ತಿರುವುದು, ಒಂದೇ ಹಾಳೆಯನ್ನು ಕತ್ತರಿಸದೆ ಮಡಿಸುವ ಒರಿಗಾಮಿಯ ಬಗ್ಗೆ ಅಲ್ಲ. ಹಾಳೆಯ ಮೇಲೆ ಬಣ್ಣದಲ್ಲಿ ಮುದ್ರಿಸಿದ ಬಿಡಿಭಾಗಗಳನ್ನು ಕತ್ತರಿಸಿ, ಮಡಿಸಿ, ಅಂಟಿಸಿ ಕಟ್ಟುವ ಮಾದರಿಗಳ ಬಗ್ಗೆ.

ಚಪ್ಪಟೆಯಾದ ಕಾಗದವನ್ನು ಕೊಳವೆಯಾಗಿ ಸುತ್ತಬಹುದು, ಶಂಕುವಾಗಿ ಸುತ್ತಬಹುದು, ಆದರೆ ಸುಕ್ಕಿಲ್ಲದೆ ಚೆಂಡಿನ ಮೇಲ್ಮೈಗೆ ಹೊದಿಸಲು ಬರುವುದಿಲ್ಲ. ಇದು ಕೈಚಳಕದ ಕೊರತೆಯಲ್ಲ, ರೇಖಾಗಣಿತದ ನಿಯಮ. 1827ರಲ್ಲಿ ಗಣಿತಜ್ಞ ಗಾಸ್ ಮಂಡಿಸಿದ ಪ್ರಮೇಯದಿಂದಲೇ ಇದು ಸಿದ್ಧವಾಗುತ್ತದೆ. ಭೂಗೋಳದ ಗೋಲಕ್ಕೆ ನಕ್ಷೆಯನ್ನು ಅಂಟಿಸುವವರು ಅದನ್ನು ಎರಡೂ ತುದಿ ಚೂಪಾದ ಪಟ್ಟಿಗಳಾಗಿ ಸೀಳಿಕೊಳ್ಳುವುದು ಈ ಕಾರಣಕ್ಕಾಗಿಯೇ. ವಿಮಾನದ ಮೂತಿ, ಕಾರಿನ ಬಾನೆಟ್, ಪ್ರಾಣಿಗಳ ಮುಖ ಇವೆಲ್ಲ ಎರಡೂ ದಿಕ್ಕಿಗೆ ಬಾಗಿದ ಮೇಲ್ಮೈಗಳಾದ್ದರಿಂದ ಕಾಗದದಲ್ಲಿ ಅವನ್ನು ಸಣ್ಣ ಸಣ್ಣ ಪಟ್ಟಿಗಳಿಂದ ಜೋಡಿಸಬೇಕಾಗುತ್ತದೆ, ಮತ್ತು ಒಂದು ಪಟ್ಟಿ ಕೂದಲೆಳೆಯಷ್ಟು ತಪ್ಪಿದರೂ ಮುಂದಿನದು ಕೂರುವುದಿಲ್ಲ. ಹೊಸಬರು ಇಷ್ಟಪಟ್ಟು ಆರಿಸಿಕೊಳ್ಳುವುದು ಮಾತ್ರ ಅವನ್ನೇ. ಸಮತಟ್ಟಾದ ಮುಖಗಳಿರುವ ವಸ್ತುಗಳಿಗೆ ಈ ತೊಂದರೆಯಿಲ್ಲ. ಜರ್ಮನಿಯ ಕಲಾವಿದ ಡ್ಯೂರರ್ 1525ರಷ್ಟು ಹಿಂದೆಯೇ ಘನಾಕೃತಿಗಳ ಮುಖಗಳನ್ನು ಬಿಡಿಸಿ ಹಾಸಿದಂತೆ ಚಿತ್ರಿಸಿ ಅಚ್ಚು ಹಾಕಿಸಿದ್ದ. ಆದ್ದರಿಂದ ಮೊದಲ ಮಾದರಿ ನಾಲ್ಕು ಗೋಡೆ ಮತ್ತು ಇಳಿಜಾರು ಚಾವಣಿಯಿರುವ, ಒಂದೆರಡು ಹಾಳೆಗಳಲ್ಲಿ ಮುಗಿಯುವ ಒಂದು ಪುಟ್ಟ ಕಟ್ಟಡವಾಗಿರಲಿ. ತಾಜಮಹಲಿನ ಗುಮ್ಮಟ ಸ್ವಲ್ಪ ಕಾಯಬಲ್ಲದು.

ಮಾದರಿಗಳಿಗೆ ಬರವಿಲ್ಲ. ಕ್ಯಾನನ್ ಕಂಪನಿಯ ‘ಕ್ರಿಯೇಟಿವ್ ಪಾರ್ಕ್’ ಎಂಬ ಜಾಲತಾಣದಲ್ಲಿ ಜಗತ್ತಿನ ಪ್ರಸಿದ್ಧ ಕಟ್ಟಡಗಳು ಉಚಿತವಾಗಿ ಸಿಗುತ್ತವೆ. ನಾಸಾ ತನ್ನ ಕೆಲವು ಬಾಹ್ಯಾಕಾಶ ನೌಕೆಗಳ ಕಾಗದದ ಮಾದರಿಗಳನ್ನು ಕೊಟ್ಟಿದೆ. ಈ ಹವ್ಯಾಸ ಬಹಳ ಗಟ್ಟಿಯಾಗಿ ಬೇರೂರಿದ ದೇಶ ಪೋಲೆಂಡ್. ಅಲ್ಲಿ 1957ರಲ್ಲಿ ಆರಂಭವಾದ ‘ಮಾವಿ ಮೊಡೆಲಾಶ್’ ಎಂಬ ಪತ್ರಿಕೆ ಹಡಗು, ವಿಮಾನಗಳ ಮಾದರಿಗಳನ್ನು ತನ್ನ ಪುಟಗಳಲ್ಲೇ ಅಚ್ಚು ಹಾಕಿ ಮನೆಮನೆಗೆ ಮುಟ್ಟಿಸಿತು. ಅಲ್ಲಿನ ಮಾದರಿಗಳು ಸುಂದರವಾಗಿರುತ್ತವೆ, ಆದರೆ ಆರಂಭಿಸುವವರಿಗೆ ಹೇಳಿದ್ದಲ್ಲ. ಮುದ್ರಿಸುವಾಗ ಎಲ್ಲ ಹಾಳೆಗಳೂ ಒಂದೇ ಅಳತೆಯಲ್ಲಿ, ಅಂದರೆ ನೂರಕ್ಕೆ ನೂರರಷ್ಟು ಗಾತ್ರದಲ್ಲಿ ಬರಬೇಕೆಂದು ಅಂಗಡಿಯವರಿಗೆ ಮೊದಲೇ ಹೇಳಿ. ಒಂದು ಹಾಳೆ ಮಾತ್ರ ಕುಗ್ಗಿದರೂ ಚಾವಣಿ ಗೋಡೆಗೆ ಹೊಂದುವುದಿಲ್ಲ.

ಕಾಗದದ ದಪ್ಪವನ್ನು ಜಿಎಸ್‌ಎಂ, ಅಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಎಂಬ ಲೆಕ್ಕದಲ್ಲಿ ಹೇಳುತ್ತಾರೆ. ಝೆರಾಕ್ಸ್ ಅಂಗಡಿಯ ಸಾಮಾನ್ಯ ಹಾಳೆ 70 ಅಥವಾ 80 ಜಿಎಸ್‌ಎಂ ಇರುತ್ತದೆ, ಅದರಲ್ಲಿ ಕಟ್ಟಿದ ಗೋಡೆ ನಿಲ್ಲುವುದಿಲ್ಲ. 160ರಿಂದ 200ರ ನಡುವಿನ, ಹೊಳಪಿಲ್ಲದ ಕಾಗದವನ್ನು ಕೇಳಿ. ಫೋಟೋ ಕಾಗದ ಬೇಡ. ಅದರ ನಯವಾದ ಲೇಪನಕ್ಕೆ ಅಂಟು ಹಿಡಿಯುವುದಿಲ್ಲ, ಮಡಿಸಿದಲ್ಲಿ ಬಿರುಕು ಬಿಡುತ್ತದೆ. ಇಂಕ್‌ಜೆಟ್ ಮುದ್ರಣದ ಬಣ್ಣ ಸಾಮಾನ್ಯವಾಗಿ ಒದ್ದೆ ಬೆರಳಿಗೆ ಕದಡುತ್ತದೆ, ಲೇಸರ್ ಮುದ್ರಣದ ಬಣ್ಣ ಮಡಿಕೆಯಲ್ಲಿ ಉದುರುತ್ತದೆ. ಎರಡನೆಯ ದೋಷವನ್ನು ಬಣ್ಣದ ಪೆನ್ಸಿಲ್ಲಿನಿಂದ ಮುಚ್ಚಬಹುದಾದ್ದರಿಂದ ನಾನು ಲೇಸರ್ ಮುದ್ರಣವನ್ನೇ ಸೂಚಿಸುತ್ತೇನೆ.

ಕಾಗದಕ್ಕೆ ದಿಕ್ಕೂ ಇದೆ. ಕಾರ್ಖಾನೆಯಲ್ಲಿ ತಿರುಳು ಓಡುವ ಜಾಲರಿಯ ಮೇಲೆ ಹರಿದು ಹಾಳೆಯಾಗುವಾಗ ನಾರುಗಳಲ್ಲಿ ಹೆಚ್ಚಿನವು ಯಂತ್ರ ಓಡುವ ದಿಕ್ಕಿಗೇ ಒರಗುತ್ತವೆ. ಕಡ್ಡಿಚಾಪೆಯು ಒಂದು ದಿಕ್ಕಿಗೆ ಸರಾಗವಾಗಿ ಸುರುಳಿಯಾಗಿ ಇನ್ನೊಂದು ದಿಕ್ಕಿಗೆ ಮೊಂಡುಮಾಡುವ ಹಾಗೆ, ದಪ್ಪ ಕಾಗದವೂ ನಾರಿನ ಸಾಲಿಗೆ ಸಮಾನಾಂತರವಾಗಿ ಸುಲಭವಾಗಿ ಬಾಗುತ್ತದೆ, ಅಡ್ಡಲಾಗಿ ಬಾಗಿಸಿದರೆ ಮುರಿದಂತಾಗುತ್ತದೆ. ಹಾಳೆಯನ್ನು ಎರಡೂ ಕಡೆಯಿಂದ ಮೆಲ್ಲಗೆ ಬಾಗಿಸಿ ನೋಡಿದರೆ ಬೆರಳಿಗೇ ಇದು ತಿಳಿಯುತ್ತದೆ. ಪೆಟ್ಟಿಗೆಯಂತಹ ಕಟ್ಟಡಕ್ಕೆ ಇದು ಅಷ್ಟಾಗಿ ಮುಖ್ಯವಲ್ಲ; ಕೊಳವೆ ಸುತ್ತುವ ದಿನ ಬಂದಾಗ ಇದೇ ಎಲ್ಲವನ್ನೂ ನಿರ್ಧರಿಸುತ್ತದೆ.

ಇನ್ನು ಸಾಮಗ್ರಿಗಳು: ಬ್ಲೇಡನ್ನು ಮುರಿದು ಮುಂದೆ ತಳ್ಳುವ ಕಟ್ಟರ್, ಸಣ್ಣ ಕತ್ತರಿ, ಸ್ಟೀಲ್ ಸ್ಕೇಲು, ಶಾಯಿ ಮುಗಿದ ಬಾಲ್‌ಪೆನ್ನು, ಫೆವಿಕಾಲ್, ಹಲ್ಲುಕಡ್ಡಿ. ಪ್ಲಾಸ್ಟಿಕ್ ಸ್ಕೇಲಾದರೆ ಕಟ್ಟರ್ ಅದರ ಅಂಚನ್ನೇ ಕೆತ್ತಿಹಾಕುತ್ತದೆ. ಕತ್ತರಿಸಲು ಹಸಿರು ಬಣ್ಣದ ಕಟಿಂಗ್ ಮ್ಯಾಟ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ದಪ್ಪ ರಟ್ಟು ಸಾಕು. ಮೊಂಡಾದ ಬ್ಲೇಡು ಹರಿತವಾದುದಕ್ಕಿಂತ ಅಪಾಯಕಾರಿ, ಏಕೆಂದರೆ ಹೆಚ್ಚು ಒತ್ತಬೇಕಾಗುತ್ತದೆ ಮತ್ತು ಒತ್ತಿದ ಕೈ ಜಾರುತ್ತದೆ.

ಈ ಪಟ್ಟಿಯಲ್ಲಿ ನಾನು ಅತಿ ಹೆಚ್ಚು ಬೆಲೆ ಕೊಡುವುದು ಆ ಖಾಲಿ ಪೆನ್ನಿಗೆ. ಮಡಿಕೆಯ ಗೆರೆಯ ಮೇಲೆ ಸ್ಕೇಲಿಟ್ಟು ಆ ಪೆನ್ನಿನಿಂದ ಒತ್ತಿ ಎಳೆದರೆ ಕಾಗದದಲ್ಲಿ ಒಂದು ಸಣ್ಣ ಕಾಲುವೆ ಬೀಳುತ್ತದೆ, ಮಡಿಕೆ ಅಲ್ಲಿಯೇ, ನೇರವಾಗಿ ಬೀಳುತ್ತದೆ. ಗೆರೆ ಹಾಕದೆ ಕೈಯಿಂದಲೇ ಮಡಿಸಿದ ಮಾದರಿಯನ್ನು ದೂರದಿಂದಲೇ ಗುರುತಿಸಬಹುದು: ಮೂಲೆಗಳು ಉಬ್ಬಿರುತ್ತವೆ, ಗೋಡೆಗಳು ಓರೆಯಾಗಿರುತ್ತವೆ. ಈ ಕೆಲಸವನ್ನು ಭಾಗಗಳನ್ನು ಕತ್ತರಿಸುವ ಮೊದಲೇ, ಇಡೀ ಹಾಳೆ ಮೇಜಿನ ಮೇಲೆ ಚಪ್ಪಟೆಯಾಗಿ ಕೂತಿರುವಾಗಲೇ ಮುಗಿಸಬೇಕು, ಏಕೆಂದರೆ ಕತ್ತರಿಸಿದ ಸಣ್ಣ ತುಂಡಿನ ಮೇಲೆ ಸ್ಕೇಲು ನಿಲ್ಲುವುದಿಲ್ಲ. ಯಾವ ಗೆರೆಯನ್ನು ಹೊರಕ್ಕೆ, ಯಾವುದನ್ನು ಒಳಕ್ಕೆ ಮಡಿಸಬೇಕೆಂಬುದನ್ನು ತುಂಡುಗೆರೆ, ಚುಕ್ಕಿಗೆರೆಗಳಿಂದ ಸೂಚಿಸಿರುತ್ತಾರೆ. ಈ ಸಂಕೇತ ಒಬ್ಬೊಬ್ಬರದು ಒಂದೊಂದು ಥರ ಇರುವುದರಿಂದ ಸೂಚನೆಯ ಪುಟವನ್ನು ಓದದೆ ಕೈಹಾಕಬಾರದು.

ಕತ್ತರಿಸಿದ ಅಂಚುಗಳಲ್ಲಿ ಕಾಗದದ ಬಿಳಿ ಕಾಣುತ್ತದೆ. ಅಂಟಿಸುವ ಮೊದಲು ಆ ಅಂಚಿಗೆ ಅದೇ ಬಣ್ಣದ ಪೆನ್ಸಿಲ್ಲು ಸವರಿದರೆ ಮಾದರಿಯ ಅರ್ಧ ಚೆಲುವು ಅಲ್ಲೇ ಬರುತ್ತದೆ. ಆಮೇಲೆ ಸವರಲು ಅಂಚು ಕೈಗೆ ಸಿಗುವುದಿಲ್ಲ.

ಫೆವಿಕಾಲಿನಲ್ಲಿ ನೀರಿದೆ, ನೀರು ತಗಲಿದ ಕಾಗದ ಉಬ್ಬಿ ಡೊಂಕಾಗುತ್ತದೆ. ಆದ್ದರಿಂದ ಅದನ್ನು ಬಾಟಲಿಯಿಂದ ನೇರವಾಗಿ ಸುರಿಯದೆ ರಟ್ಟಿನ ಚೂರಿನ ಮೇಲೆ ಒಂದು ಹನಿ ಹಾಕಿಕೊಂಡು, ಹಲ್ಲುಕಡ್ಡಿಯ ತುದಿಯಿಂದ ತೆಳುವಾಗಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಜಿಗುಟಾದ ಮೇಲೆ ಒತ್ತಿ ಹಿಡಿಯಬೇಕು. ಗ್ಲೂ ಸ್ಟಿಕ್ ಕೆಲವು ತಿಂಗಳಲ್ಲೇ ಕೈಕೊಡುತ್ತದೆ, ಸೆಲ್ಲೋಟೇಪು ಹಳದಿಯಾಗಿ ಸುಲಿಯುತ್ತದೆ. ಅಂಟು ಹಚ್ಚುವ ಮೊದಲು ಭಾಗಗಳನ್ನು ಸುಮ್ಮನೆ ಜೋಡಿಸಿ ನೋಡಿ. ಕೊನೆಯದಾಗಿ ಮುಚ್ಚುವ ಮುಖಕ್ಕೆ ಒಳಗಿನಿಂದ ಬೆರಳು ಕೊಡಲಾಗದ ಕಾರಣ ಅಲ್ಲಿ ಸ್ವಲ್ಪವಾದರೂ ಕೊಳಕಾಗುತ್ತದೆ. ಅದು ತಳವೋ ಹಿಂಬದಿಯೋ ಆಗುವಂತೆ ಕ್ರಮವನ್ನು ಹಾಕಿಕೊಳ್ಳುವುದು ಜಾಣತನ.

ಆ ಕಟ್ಟಡ ಮುಗಿದ ಮೇಲೆ ಎರಡನೆಯದಾಗಿ ದೀಪಸ್ತಂಭವನ್ನೋ ರಾಕೆಟ್ಟನ್ನೋ ಆರಿಸಿಕೊಳ್ಳಿ. ಎರಡರಲ್ಲಿಯೂ ಕೊಳವೆ, ಶಂಕುಗಳೇ ಹೆಚ್ಚು, ಅಂದರೆ ಕಾಗದ ಒಪ್ಪಿಕೊಳ್ಳುವ ಬಾಗುಗಳು. ಮುದ್ರಿಸುವಾಗಲೇ ಕೊಳವೆಯ ಉದ್ದಕ್ಕೆ ನಾರಿನ ದಿಕ್ಕು ಬರುವಂತೆ ಹಾಳೆ ಹಾಕಿಸಿ, ಕತ್ತರಿಸಿದ ತುಂಡನ್ನು ಮೇಜಿನ ಅಂಚಿನ ಮೇಲೆ ಮೆಲ್ಲಗೆ ಕೆಳಕ್ಕೆ ಎಳೆದು ಮೊದಲು ಬಾಗನ್ನು ತರಿಸಿ, ಆಮೇಲೆ ಪೆನ್ಸಿಲ್ಲಿಗೆ ಸುತ್ತಿ ಬಿಗಿಗೊಳಿಸಿ. ಅಂಟು ಹಚ್ಚಲೆಂದು ಅಂಚಿನಲ್ಲಿ ಬಿಟ್ಟಿರುವ ಪಟ್ಟಿಯ ಮೇಲೆ ಇನ್ನೊಂದು ತುದಿಯನ್ನು ಏರಿಸಿ ಅಂಟಿಸಿದರೆ ಕೊಳವೆಯ ಮೈಯಲ್ಲಿ ಒಂದು ಮೆಟ್ಟಿಲು ಉಳಿಯುತ್ತದೆ. ಆ ಪಟ್ಟಿಯನ್ನು ಕತ್ತರಿಸಿ ತೆಗೆದು, ತೆಳು ಕಾಗದದ ಬೇರೆ ಪಟ್ಟಿಯೊಂದನ್ನು ಒಳಗಿನಿಂದ ಹಚ್ಚಿ, ಎರಡು ಅಂಚುಗಳನ್ನೂ ಒಂದಕ್ಕೊಂದು ತಾಗಿಸಿ ಕೂರಿಸಿದರೆ ಹೊಲಿಗೆ ಹೆಚ್ಚುಕಡಿಮೆ ಕಾಣದಂತಾಗುತ್ತದೆ.