ನೀರಿನ ಲೇನ್ ಖಾಲಿಯೇ ಇತ್ತು

"ಪೈಪೆಟ್ ಹಿಡಿಯಲು ನಿನಗೆ ಇನ್ನೂ ಬರುವುದಿಲ್ಲವೇ?" ಕಳೆದ ಮಳೆಗಾಲದಲ್ಲಿ ನಾಲ್ಕು ಜನರ ಎದುರು ನಾನು ಆಡಿದ ಈ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಕಾಸರಗೋಡಿನ ಒಂದು ಪ್ರಯೋಗಾಲಯದಲ್ಲಿ ಹಣ್ಣುನೊಣಗಳನ್ನು ಸಾಕುವುದು, ಡಿಎನ್‌ಎ ತೆಗೆಯುವುದು, ಪಿಸಿಆರ್ (ಡಿಎನ್‌ಎಯ ಒಂದು ತುಣುಕನ್ನು ಹಲವು ಪಟ್ಟು ಹೆಚ್ಚಿಸಿ ಪತ್ತೆಹಚ್ಚುವ ಪರೀಕ್ಷೆ) ಓಡಿಸುವುದು ನನ್ನ ಕೆಲಸ. ಹಲಸು ಕೊಳೆಯುವ ಕಾಲದಲ್ಲಿ ಮಂಜೇಶ್ವರದ ಎರಡು ತೋಟಗಳಿಂದಲೂ ಕುಂಬಳೆಯ ನಮ್ಮ ಮನೆಯ ಹಿತ್ತಿಲಿನಿಂದಲೂ ಡ್ರೊಸೊಫಿಲಾ ಅನನಾಸೇ ನೊಣಗಳನ್ನು ಹಿಡಿದು ತಂದು ಮೂರು ಬಾಟಲಿಗಳಲ್ಲಿ ಬೆಳೆಸಿದ್ದೆವು. ಮೂರರಲ್ಲೂ ವೋಲ್ಬಾಕಿಯಾ ಇತ್ತು. 1924ರಲ್ಲಿ ಹರ್ಟಿಗ್ ಮತ್ತು ವೋಲ್ಬಾಕ್ ಸೊಳ್ಳೆಯಲ್ಲಿ ಕಂಡ ಬ್ಯಾಕ್ಟೀರಿಯಾ ಇದು. ಕೋಶದೊಳಗೇ ಬದುಕಿ, ತಾಯಿಯ ಮೊಟ್ಟೆಯ ಮೂಲಕ ಮುಂದಿನ ತಲೆಮಾರಿಗೆ ದಾಟುತ್ತದೆ. ಅದನ್ನು ಕಳೆಯಲು ಆಹಾರಕ್ಕೆ ಟೆಟ್ರಾಸೈಕ್ಲಿನ್ ಎಂಬ ಆಂಟಿಬಯೋಟಿಕ್ ಬೆರೆಸಿ ಕೆಲವು ತಲೆಮಾರು ಸಾಕಿದೆವು. ಬಳಿಕ ಅಂಡಾಶಯಕ್ಕೆ ಡಿಎನ್‌ಎ ಹೊಳೆಯುವಂತೆ ಮಾಡುವ ಡ್ಯಾಪಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಬ್ಯಾಕ್ಟೀರಿಯಾದ ಒಂದು ಚುಕ್ಕೆಯೂ ಇರಲಿಲ್ಲ. ಪಿಸಿಆರ್ ಒಂದು ಔಪಚಾರಿಕತೆ ಎಂದೇ ನಾನು ಭಾವಿಸಿದ್ದೆ.

ಅಂದು ಸಂಜೆ ಪಿಸಿಆರ್‌ನ ಡಿಎನ್‌ಎ ತುಣುಕುಗಳನ್ನು ಲೇನ್ ಎಂಬ ಸಾಲುಗಳಲ್ಲಿ ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುವ ಜೆಲ್ ಅರ್ಧ ಓಡಿದ್ದಾಗ ಕರೆಂಟ್ ಹೋಯಿತು. ಜನರೇಟರಿಗೆ ಡೀಸೆಲ್ ಇರಲಿಲ್ಲ. ತಿಂಗಳಿಂದ ಕಡತ ಮೇಜಿನಿಂದ ಮೇಜಿಗೆ ಅಲೆಯುತ್ತಿತ್ತು. ಹೆಂಚಿನ ಮೇಲೆ ಮಳೆ ಸುರಿಯುತ್ತಿತ್ತು, ಕಾಯುತ್ತ ನಿಂತೆವು. ಇಪ್ಪತ್ತು ನಿಮಿಷದ ಬಳಿಕ ದೀಪ ಬಂತು, ಜೆಲ್ ಓಡಿತು, ಯುವಿ ದೀಪ ಹಾಕಿದೆ. ಔಷಧ ಉಂಡ ನೊಣಗಳ ಮೂರು ಲೇನ್‌ಗಳಲ್ಲೂ ಗಾತ್ರ ಅಳೆಯುವ ಲ್ಯಾಡರಿನ 600ರ ಗೆರೆಯ ನೇರಕ್ಕೆ ಕಿತ್ತಳೆ ಬಣ್ಣದ ಬ್ಯಾಂಡ್, ತೆಳುವಲ್ಲ, ಗಟ್ಟಿಯಾಗಿಯೇ ಇತ್ತು; ವೋಲ್ಬಾಕಿಯಾದ ಡಿಎನ್‌ಎ ಇದೆ ಎಂಬ ಗುರುತು ಅದು. ಅದರ ಪಕ್ಕದ, ನೊಣದ ಡಿಎನ್‌ಎ ಬದಲು ಬರೀ ನೀರು ಹಾಕಿದ ಲೇನ್ ಕಪ್ಪಾಗಿತ್ತು; ದ್ರಾವಣಗಳು ಕಲುಷಿತವಾಗಿದ್ದರೆ ಅಲ್ಲೂ ಬ್ಯಾಂಡ್ ಬರಬೇಕಿತ್ತು. ಆ ಕಪ್ಪನ್ನು ನಾನು ನೋಡಿದೆ, ಆದರೆ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಡಿಎನ್‌ಎ ತೆಗೆದಿದ್ದು ಹೊಸದಾಗಿ ಸೇರಿದ್ದ ಬದಿಯಡ್ಕದ ಕಡೆಯ ಹುಡುಗಿ. ಅವಳ ಕೈಯಲ್ಲೇ ಮಾದರಿಗೆ ಹೊರಗಿನ ಡಿಎನ್‌ಎ ಬೆರೆತಿದೆ ಎಂದುಕೊಂಡೆ, ಸಿಟ್ಟೆಲ್ಲ ಅವಳ ಮೇಲೆ ತಿರುಗಿತು.

"ಅಕ್ಕಾ, ನೀರಿನ ಲೇನ್ ಖಾಲಿಯೇ ಇದೆಯಲ್ಲ," ಎಂದಳು ಮೆಲ್ಲಗೆ. ನಾನು ಉತ್ತರ ಕೊಡಲಿಲ್ಲ. ಮರುದಿನ ಬೆಳಿಗ್ಗೆಯೇ ಮಂಜೇಶ್ವರದ ಎರಡೂ ಬಾಟಲಿಗಳನ್ನು ಫ್ರೀಜರಿಗೆ ಹಾಕಿ ಕೊಂದು, ತೊಳೆಯಲು ಕಳುಹಿಸಿದೆ. ಕುಂಬಳೆಯದು ಉಳಿದದ್ದು ಕಪಾಟಿನ ಹಿಂಬದಿಯಲ್ಲಿ ನನ್ನ ಕಣ್ಣಿಗೆ ಬೀಳದ ಕಾರಣಕ್ಕೆ ಮಾತ್ರ.

ಮೂರು ವಾರ ಬಫರ್, ಟಿಪ್ಸ್, ಎಲ್ಲವನ್ನೂ ಬದಲಿಸಿದೆ. ಹೊಸ ಪ್ರೈಮರಿಗೆ (ಪಿಸಿಆರ್ ಯಾವ ತುಣುಕನ್ನು ಹೆಚ್ಚಿಸಬೇಕೆಂದು ಗುರುತಿಸುವ ಚಿಕ್ಕ ಡಿಎನ್‌ಎ) ಕೊಟ್ಟ ಖರೀದಿ ಇಂಡೆಂಟ್ ಎರಡು ಸಲ ತಿರುಗಿ ಬಂತು. ಕುಂಬಳೆಯ ನೊಣದಲ್ಲಿ ಬ್ಯಾಂಡ್ ಮಾತ್ರ ಹಾಗೆಯೇ ಉಳಿಯಿತು. ಕೊನೆಗೆ ಆ ಹುಡುಗಿಯೇ 2007ರ ಸಂಶೋಧನಾ ಪ್ರಬಂಧವೊಂದನ್ನು ನನ್ನ ಮುಂದಿಟ್ಟಳು. ಹವಾಯಿಯ ಇದೇ ಜಾತಿಯ ನೊಣಗಳಲ್ಲಿ ವೋಲ್ಬಾಕಿಯಾದ ಬಹುತೇಕ ಇಡೀ ಜೀನೋಮ್ ನೊಣದ ಕ್ರೋಮೋಸೋಮಿಗೆ ಸೇರಿಕೊಂಡಿದೆ. ಔಷಧ ಕೊಟ್ಟ ಮೇಲೂ ಪರೀಕ್ಷಿಸಿದ 45 ಜೀನ್‌ಗಳಲ್ಲಿ 44 ಸಿಕ್ಕಿದ್ದವು. ಭಾರತದ ನೊಣಗಳಲ್ಲೂ ಅಂಥ ಸೇರ್ಪಡೆ ಕಂಡಿತ್ತು. ಮೊಟ್ಟೆಯಾಗುವ ಕೋಶದಲ್ಲೇ ಬ್ಯಾಕ್ಟೀರಿಯಾ ವಾಸಿಸುವುದರಿಂದ ಅದರ ಡಿಎನ್‌ಎಗೆ ಮುಂದಿನ ತಲೆಮಾರಿನ ಬಾಗಿಲು ಹತ್ತಿರ. 2002ರಲ್ಲೇ ಜಪಾನಿನಲ್ಲಿ ಕಾಳು ಕೊರೆಯುವ ಹುಳುವಿನ ಎಕ್ಸ್ ಕ್ರೋಮೋಸೋಮಿನಲ್ಲಿ ವೋಲ್ಬಾಕಿಯಾದ ತುಣುಕು ಸಿಕ್ಕಿತ್ತು. ಇಂಥ ಕೀಟಗಳ ಜೊತೆ ದಿನವಿಡೀ ಕೆಲಸ ಮಾಡುವ ನಾನು ಇದನ್ನು ಓದಿಯೇ ಇರಲಿಲ್ಲ. ನಮ್ಮಲ್ಲಿ ಓದಲು ಗಂಟೆ ಮೀಸಲಿಡುವವರಿಲ್ಲ; ತಿಂಗಳ ಕೊನೆಗೆ ಎಷ್ಟು ಮಾದರಿ ಓಡಿಸಿದಿರಿ ಎಂದಷ್ಟೇ ಕೇಳುತ್ತಾರೆ.

ಪರೀಕ್ಷೆ ಸರಳವಾಗಿತ್ತು. ವೋಲ್ಬಾಕಿಯಾ ವೀರ್ಯಾಣುವಿನ ಮೂಲಕ ದಾಟುವುದಿಲ್ಲ. ಔಷಧ ಉಂಡ ಗಂಡುಗಳನ್ನು ಬ್ಯಾಂಡ್ ಬಾರದ ಬೇರೊಂದು ವಂಶದ ಹೆಣ್ಣುಗಳೊಡನೆ ಬಿಟ್ಟೆವು. ಎರಡು ವಾರದ ಬಳಿಕ ಮರಿನೊಣಗಳ ಜೆಲ್ ಹಾಕಿದಾಗ ಅದೇ 600ರ ನೇರದಲ್ಲಿ ಬ್ಯಾಂಡ್ ಬೆಳಗಿತು, ನೀರಿನ ಲೇನ್ ಅಂದಿನಂತೆಯೇ ಕಪ್ಪಾಗಿತ್ತು. ಅದು ತಂದೆಯಿಂದ, ಅಂದರೆ ನೊಣದ ಕ್ರೋಮೋಸೋಮಿನ ಮೂಲಕವೇ ಬಂದಿತ್ತು.

ಅಂದು ಜೊತೆಗಿದ್ದ ನಾಲ್ವರನ್ನೂ ಕರೆದು, ಅವರ ಎದುರೇ ಅವಳ ಕ್ಷಮೆ ಕೇಳಿದೆ. ಅವಳು ಜೆಲ್‌ನ ಚಿತ್ರವನ್ನೇ ನೋಡುತ್ತಿದ್ದಳು. "ಅಕ್ಕಾ, ಮಂಜೇಶ್ವರದ ನೊಣಗಳಲ್ಲಿಯೂ ಇದೇ ಇತ್ತೋ ಏನೋ," ಎಂದಳು.

ಈ ಸಲ ಹಲಸು ಹಣ್ಣಾದ ಕೂಡಲೇ ನಾವಿಬ್ಬರೂ ಬಲೆ ಹಿಡಿದು ಆ ಎರಡು ತೋಟಗಳಿಗೆ ಹೋಗಿ ಬಂದಿದ್ದೇವೆ. ಬಾಟಲಿಗಳು ಕಪಾಟಿನ ಮುಂಬದಿಯಲ್ಲಿವೆ.