ಜಗಲಿ ರಿಪೇರಿ: ಮೇ ತಿಂಗಳಿಂದ ಇಲ್ಲಿವರೆಗೆ

ಮೇ 2025

ಕುಮಟಾದಂಥ ಸಮುದ್ರದ ದಂಡೆಯ ಊರಲ್ಲಿ "ಇದು ಸತ್ತೋಯ್ತು" ಎಂದು ಮೂಲೆಗೆ ತಳ್ಳಿದ ಕಂಪ್ಯೂಟರುಗಳಲ್ಲಿ ಎಷ್ಟೋ ಸತ್ತಿರುವುದಿಲ್ಲ. ಒಳಗೆ ಕಿಲುಬು ಹಿಡಿದಿರುತ್ತದೆ, ಅಷ್ಟೆ. ನೆಂಟರ ಮನೆ, ಗೆಳೆಯರ ಮನೆ ಎಂದು ಸಿಕ್ಕಿದ್ದನ್ನೆಲ್ಲ ಬಿಚ್ಚಿ ನೋಡಿದ ಮೇಲೆ ನನಗೆ ಇದು ಗಟ್ಟಿಯಾಗಿದೆ. ಹಾಗಾಗಿ ಫಸ್ಟ್ ಪಿಯುಸಿ ಮುಗಿದ ರಜೆಯಲ್ಲಿ ಮನೆಯ ಜಗಲಿಯಲ್ಲೇ ರಿಪೇರಿ ಕೆಲಸ ಶುರು ಮಾಡಿದ್ದೇನೆ. ಈ ಸಲ ದುಡ್ಡು ತಗೊಂಡು, ಬಿಲ್ ಕೊಟ್ಟು.

ಇಲ್ಲಿಯ ಗಾಳಿಯಲ್ಲಿ ಉಪ್ಪಿದೆ. ಅದು ಫ್ಯಾನಿನ ದಾರಿಯಲ್ಲಿ ಒಳಗೆ ಬಂದು ಬೋರ್ಡಿನ ಮೇಲೆ ಕೂರುತ್ತದೆ. ಗಾಳಿಯ ತೇವ ಶೇಕಡಾ 75 ದಾಟಿದರೆ ಉಪ್ಪು ತಾನಾಗಿಯೇ ನೀರು ಹೀರಿಕೊಳ್ಳುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಡಬ್ಬಿ ತೆಗೆದವರಿಗೆ ಇದನ್ನು ಹೇಳಬೇಕಾಗಿಲ್ಲ. ಆ ಉಪ್ಪುನೀರು ತಾಮ್ರಕ್ಕೆ ತಾಗಿದರೆ ಕಿಲುಬು. ಮೇಲೆ ಧೂಳೂ ಸೇರಿದರೆ, ಕರೆಂಟು ಹರಿಯಬಾರದ ಕಡೆಯೂ ಸ್ವಲ್ಪ ಸ್ವಲ್ಪ ಹರಿಯುತ್ತದೆ.

ಸಾಮಾನು ಜಾಸ್ತಿ ಏನಿಲ್ಲ. ಒಳ್ಳೆಯ ಸ್ಕ್ರೂಡ್ರೈವರ್ ಸೆಟ್, ಮಲ್ಟಿಮೀಟರ್, ಬ್ಲೋವರ್, ಮೆತ್ತನೆಯ ಬ್ರಶ್ಶುಗಳು, ಐಸೊಪ್ರೊಪೈಲ್ ಆಲ್ಕೋಹಾಲ್, ಪ್ರೊಸೆಸರಿನ ಬಿಸಿ ದಾಟಿಸಲು ಹಚ್ಚುವ ಥರ್ಮಲ್ ಪೇಸ್ಟ್, ಹಾರ್ಡ್ ಡಿಸ್ಕ್ ಜೋಡಿಸಲು ಯುಎಸ್‌ಬಿ ಕೇಬಲ್, ಸಿಲಿಕಾ ಜೆಲ್ ತುಂಬಿದ ಗಾಳಿಯಾಡದ ಡಬ್ಬಿ. ಬಂಡವಾಳ ಆಯಿ (ಅಮ್ಮ) ಕೊಟ್ಟಿದ್ದು, ಸಾಲವಾಗಿ. ಮಳೆಗೆ ಮೊದಲೇ ರ್‍ಯಾಮ್, ಎಸ್‌ಎಸ್‌ಡಿ, ಎಸ್‌ಎಂಪಿಎಸ್ (ಪ್ಲಗ್ಗಿನ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಹಾಗೆ ಮಾಡಿಕೊಡುವ ಪೆಟ್ಟಿಗೆ), ಬೋರ್ಡಿಗೆ ಹಾಕುವ ಸಿಆರ್ 2032 ಗುಂಡಿ ಸೆಲ್ಲು ಸ್ವಲ್ಪ ಸ್ವಲ್ಪ ತರಿಸಿಟ್ಟಿದ್ದೇನೆ. ಬೆಂಗಳೂರಿನ ಎಸ್‌ಪಿ ರೋಡಿನಿಂದ ಬರುವುದಿರಲಿ, ಹುಬ್ಬಳ್ಳಿಯಿಂದ ಬರುವುದಿರಲಿ, ಎಲ್ಲ ಘಟ್ಟ ಇಳಿದೇ ಬರಬೇಕು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದಾಗಿದ್ದನ್ನು ನೋಡಿದ ಮೇಲೆ, ಜುಲೈನಲ್ಲಿ ಸಾಮಾನು ಹೇಳಿದ ದಿನಕ್ಕೆ ಬರುತ್ತದೆ ಎಂದು ಯಾರಿಗೂ ಮಾತು ಕೊಡಬಾರದು ಎಂದುಕೊಂಡಿದ್ದೇನೆ.

ಇನ್ನು ವಯಸ್ಸಿನ ವಿಷಯ. ನನಗೆ 17. ಭಾರತೀಯ ಕರಾರು ಕಾಯ್ದೆ 1872ರದ್ದು. ಅದರ ಪ್ರಕಾರ 18 ತುಂಬದವರು ಮಾಡಿಕೊಂಡ ಕರಾರು ನಿಲ್ಲುವುದಿಲ್ಲ. ಅಂದರೆ ಅಂಗಡಿ ಬಾಡಿಗೆಗೆ ಹಿಡಿಯುವುದು, ಸಾಮಾನು ಕಡ ತರುವುದು ನನ್ನ ಹೆಸರಲ್ಲಿ ಆಗದು. ಹಾಗಾಗಿ ಬಿಲ್ ಪುಸ್ತಕ ಅಪ್ಪನ ಹೆಸರಲ್ಲಿ, ಕ್ಯೂಆರ್ ಕೋಡ್ ಆಯಿಯ ಖಾತೆಗೆ. ಸೇವೆಯ ಕೆಲಸಕ್ಕೆ ವರ್ಷಕ್ಕೆ 20 ಲಕ್ಷ ರೂಪಾಯಿ ವಹಿವಾಟು ದಾಟುವವರೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಆ ಚಿಂತೆ ಸದ್ಯಕ್ಕಿಲ್ಲ. ನನ್ನ ವಯಸ್ಸಿನ ಯಾರಾದರೂ ಇಂಥದ್ದು ಶುರು ಮಾಡುವುದಾದರೆ ಮೊದಲು ಮನೆಯವರ ಜೊತೆ ಕೂತು ಇದನ್ನೆಲ್ಲ ಮಾತಾಡಿಕೊಳ್ಳಿ. ಸ್ಕ್ರೂಡ್ರೈವರ್ ಆಮೇಲೆ ತಗೊಂಡರೂ ನಡೆಯುತ್ತದೆ.

ಜೂನ್

ಮಳೆ ಬಿತ್ತು, ಕೆಲಸ ಬಂತು.

ಕಿರಾಣಿ ಅಂಗಡಿಯೊಂದರ ಡೆಸ್ಕ್‌ಟಾಪ್. ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಸ್ಕ್ರೀನ್ ಮಾತ್ರ ಕಪ್ಪು. ಒಳಗಿಂದ ಬೀಪ್ ಬೀಪ್ ಸದ್ದು. "ತಮಾ, ಹೊಸದೇ ತಗೊಳ್ಳಬೇಕಾ ಹೇಗೆ?" ಎಂದು ಕೇಳಿದರು. ನೋಡಿ ಹೇಳುತ್ತೇನೆ ಎಂದೆ.

ರ್‍ಯಾಮ್ ಕಿತ್ತು ಟ್ಯೂಬ್‌ಲೈಟಿನ ಕೆಳಗೆ ಹಿಡಿದೆ. ಕೆಳಅಂಚಿನ ಬಂಗಾರದ ಬಣ್ಣದ ಹಲ್ಲುಗಳಲ್ಲಿ ಒಂದು ಬದಿಯವು ಹೊಳೆಯುತ್ತಿದ್ದವು. ಇನ್ನೊಂದು ಬದಿ ಮಂಕು. ಭೂತಗನ್ನಡಿಯಲ್ಲಿ ನೋಡಿದರೆ ನಾಲ್ಕೈದು ಹಲ್ಲಿನ ತುದಿಯಲ್ಲಿ ಸಾಸಿವೆಗಿಂತ ಸಣ್ಣ ಹಸಿರು ಚುಕ್ಕಿಗಳು. ಆ ಚಿನ್ನದ ಲೇಪ ತುಂಬಾ ತೆಳು. ಅದರಲ್ಲಿ ಕಣ್ಣಿಗೆ ಕಾಣದ ತೂತುಗಳಿರುತ್ತವೆ. ಚಿನ್ನಕ್ಕೆ ಏನೂ ಆಗುವುದಿಲ್ಲ, ಆದರೆ ತೂತಿನ ಕೆಳಗಿನ ನಿಕ್ಕಲ್ಲು, ತಾಮ್ರಕ್ಕೆ ಉಪ್ಪುನೀರು ಇಳಿಯುತ್ತದೆ. ಕಿಲುಬು ಒಳಗಿಂದ ಉಬ್ಬಿ ಮೇಲೆ ಬರುತ್ತದೆ.

ತುಂಬಾ ಜನ ಇದನ್ನು ರಬ್ಬರಿನಿಂದ ಉಜ್ಜುತ್ತಾರೆ. ಕೆಲಸ ಆಗುತ್ತದೆ, ಇಲ್ಲ ಅನ್ನಲ್ಲ. ಆದರೆ ಉಜ್ಜಿದಷ್ಟೂ ಚಿನ್ನ ಹೋಗುತ್ತದೆ, ಮುಂದಿನ ಮಳೆಗಾಲಕ್ಕೆ ಕಿಲುಬು ಇನ್ನೂ ಬೇಗ ಬರುತ್ತದೆ. ರಬ್ಬರಿನ ಪುಡಿ ಸ್ಲಾಟಿಗೆ ಬಿದ್ದರೆ ಅದು ಇನ್ನೊಂದು ತೊಂದರೆ. ನಾನು ನೂಲು ಬಿಡದ ಬಟ್ಟೆಗೆ ಆಲ್ಕೋಹಾಲ್ ಹಾಕಿ ಹಲ್ಲಿನ ಉದ್ದಕ್ಕೆ ಒರೆಸುತ್ತೇನೆ. ಮತ್ತೂ ಹೋಗದಿದ್ದರೆ ಮಾತ್ರ ರಬ್ಬರು, ಅದೂ ಹಗುರವಾಗಿ. ಸ್ಲಾಟನ್ನು ಬ್ರಶ್ಶಿನಿಂದ ತೊಳೆದು ಪೂರ್ತಿ ಒಣಗಲು ಬಿಟ್ಟೆ. ಜೋಡಿಸಿ ಬಟನ್ ಒತ್ತಿದಾಗ ಒಂದೇ ಬೀಪ್, ಸ್ಕ್ರೀನ್ ಬಂತು. ಆ ಒಂದು ಬೀಪ್ ಕೇಳುವ ಖುಷಿಗೇ ಈ ಕೆಲಸ ಮಾಡಬಹುದು ಅನಿಸುತ್ತದೆ.

300 ರೂಪಾಯಿ ತಗೊಂಡೆ. ಕ್ಯಾಬಿನೆಟ್ಟನ್ನು ನೆಲದಿಂದ ಎತ್ತಿ ಸ್ಟೂಲಿನ ಮೇಲಿಡಿ, ಬಾಗಿಲಿನ ಎರಚಲು ತಾಗದ ಕಡೆ ಸರಿಸಿ, ಮಳೆಗಾಲದಲ್ಲಿ ದಿನಾ ಸ್ವಲ್ಪ ಹೊತ್ತಾದರೂ ಹಚ್ಚಿಡಿ ಎಂದು ಹೇಳಿ ಬಂದೆ. ನಡೆಯುವ ಕಂಪ್ಯೂಟರಿನ ಬಿಸಿಯೇ ಒಳಗಿನ ತೇವ ಓಡಿಸುತ್ತದೆ. ತಿಂಗಳುಗಟ್ಟಲೆ ಬಂದ್ ಮಾಡಿ ಪ್ಲಾಸ್ಟಿಕ್ ಹೊದೆಸಿಟ್ಟದ್ದೇ ಬೇಗ ಕೆಡುತ್ತದೆ.

ಜುಲೈ

ಈ ತಿಂಗಳು ಪೂರ್ತಿ ಕರೆಂಟಿನದೇ ಕಥೆ. ಹೋಗುವುದು, ಬರುವುದು, ಬಂದ ತಕ್ಷಣ ಮತ್ತೆ ಹೋಗುವುದು. ಸುಟ್ಟ ಎಸ್‌ಎಂಪಿಎಸ್ ಸಾಲುಸಾಲಾಗಿ ಬಂದವು. ಒಂದರಲ್ಲಿ ಹಲ್ಲಿ ಸತ್ತಿತ್ತು. ಬೆಚ್ಚಗಿರುತ್ತದೆ ಎಂದು ಒಳಗೆ ಸೇರಿಕೊಳ್ಳುತ್ತವೆ, ಪಾಪ. ಎಸ್‌ಎಂಪಿಎಸ್ ನಾನು ಬಿಚ್ಚುವುದಿಲ್ಲ, ಇಡಿಯಾಗಿ ಬದಲಿಸುತ್ತೇನೆ. 230 ವೋಲ್ಟ್ ಎಸಿ ಒಳಗೆ ಹೋಗಿ ಸುಮಾರು 325 ವೋಲ್ಟ್ ಡಿಸಿ ಆಗಿ ಕೆಪಾಸಿಟರಿನಲ್ಲಿ ಕೂತಿರುತ್ತದೆ. ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಇರುತ್ತದೆ. ಅದನ್ನು ಸರಿಯಾಗಿ ಕಲಿಸುವವರು ಪಕ್ಕದಲ್ಲಿ ಇಲ್ಲದೆ ಕೈ ಹಾಕುವ ಕೆಲಸ ಅಲ್ಲ.

"ಮುಟ್ಟಿದರೆ ಜುಮ್ ಅನ್ನುತ್ತದೆ" ಎಂಬ ದೂರೂ ಸುಮಾರು ಬಂತು. ಅದು ಕಂಪ್ಯೂಟರಿನ ದೋಷ ಅಲ್ಲ, ಹೆಚ್ಚಾಗಿ ಮನೆಯ ಅರ್ಥಿಂಗಿನದು. ಎಸ್‌ಎಂಪಿಎಸ್ ಒಳಗಿನ ಫಿಲ್ಟರಿನಿಂದ ಚೂರು ಕರೆಂಟು ತಗಡಿಗೆ ಬರುತ್ತದೆ. ಅರ್ಥ್ ವೈರ್ ಇದ್ದರೆ ಅದು ನೆಲಕ್ಕೆ ಹೋಗುತ್ತದೆ, ಇಲ್ಲದಿದ್ದರೆ ಮುಟ್ಟಿದವರ ಕೈಗೆ. ಚಿರೇಕಲ್ಲಿನ ನೆಲದಲ್ಲಿ ಅರ್ಥಿಂಗ್ ಗುಂಡಿ ಸರಿ ಮಾಡುವುದು ಸುಲಭದ ಕೆಲಸವೂ ಅಲ್ಲ. ಅಂಥ ಮನೆಗಳಿಗೆ ವೈರಿಂಗ್ ಕೆಲಸದ ಮಾವನನ್ನು ಕಳಿಸುತ್ತೇನೆ. ಅರ್ಥಿಂಗ್ ಇಲ್ಲದ ಪ್ಲಗ್ಗಿಗೆ ದುಬಾರಿ ಸರ್ಜ್ ಪ್ರೊಟೆಕ್ಟರ್ ಹಾಕಿಯೂ ಪೂರ್ತಿ ಪ್ರಯೋಜನ ಇಲ್ಲ. ಮಿಂಚು ಇಂಟರ್‌ನೆಟ್ಟಿನ ತಾಮ್ರದ ವೈರಿನಲ್ಲೂ ಬರುತ್ತದೆ. ಗುಡುಗು ಶುರುವಾದರೆ ಪವರ್ ಪ್ಲಗ್ಗಿನ ಜೊತೆ ಆ ವೈರನ್ನೂ ಕಿತ್ತಿಡಿ.

ಇದೇ ತಿಂಗಳು ಝೆರಾಕ್ಸ್ ಅಂಗಡಿಯೊಂದರಿಂದ ಹಾರ್ಡ್ ಡಿಸ್ಕ್ ಬಂತು. ಊರವರ ಅರ್ಜಿ, ಕರಪತ್ರ, ಮದುವೆ ಕಾಗದ ಎಲ್ಲ ಅದರಲ್ಲೇ. ಕಟ್, ಕಟ್ ಎನ್ನುತ್ತಿತ್ತು. ಇಂಥ ಹೊತ್ತಲ್ಲಿ ಅದರ ಮೇಲೆ ವಿಂಡೋಸ್ ಹಾಕಲು ಹೋಗುವುದು, ಸ್ಕ್ಯಾನ್ ಮಾಡುವುದು ಎಲ್ಲ ಡಿಸ್ಕಿನ ಉಳಿದ ಆಯುಸ್ಸನ್ನು ತಿನ್ನುತ್ತದೆ. ಮೊದಲು ನಕಲು, ಆಮೇಲೆ ಉಳಿದದ್ದು. ವಿಂಡೋಸಿನ ಬದಲು ಬಳಸಬಹುದಾದ ಲಿನಕ್ಸಿನಲ್ಲಿ ಡಿಡಿರೆಸ್ಕ್ಯೂ ಎಂಬ ಪುಕ್ಕಟೆ ತಂತ್ರಾಂಶ ಇದೆ. ಅದು ಸಲೀಸಾಗಿ ಓದಲು ಬರುವ ಭಾಗವನ್ನು ಮೊದಲು ಎತ್ತಿಕೊಳ್ಳುತ್ತದೆ, ಕೆಟ್ಟ ಜಾಗವನ್ನು ಗುರುತು ಹಾಕಿ ಕೊನೆಗೆ ಬಿಡುತ್ತದೆ. ಮಧ್ಯೆ ಕರೆಂಟು ಹೋದರೂ ನಿಂತಲ್ಲಿಂದ ಮುಂದುವರಿಯುತ್ತದೆ. ಜುಲೈಗೆ ಹೇಳಿ ಮಾಡಿಸಿದ ಹಾಗಿದೆ ಅಲ್ವಾ? ರಾತ್ರಿಯಿಡೀ ನಡೆಯಿತು. ಬಹುಪಾಲು ಸಿಕ್ಕಿತು. ಸಿಗದ ಫೈಲುಗಳ ಪಟ್ಟಿ ಬರೆದು ಕೊಟ್ಟೆ. ಎಲ್ಲ ಬಂದಿದೆ ಎಂದು ಸುಮ್ನೆ ಹೇಳಿದರೆ ಆರು ತಿಂಗಳ ನಂತರ ಅವರಿಗೆ ಅದೇ ಫೈಲ್ ಬೇಕಾಗುತ್ತದೆ.

ಅದೇ ಅಂಗಡಿಯಲ್ಲಿ ಪ್ರಿಂಟರ್ ಕಾಗದ ಸಿಕ್ಕಿಹಾಕಿಕೊಳ್ಳುವ ಕಾಟ. ಪ್ರಿಂಟರ್ ಸರಿಯಾಗೇ ಇತ್ತು, ಕಾಗದ ತೇವ ಹೀರಿ ಸುರುಳಿಯಾಗಿತ್ತು. ಕಪಾಟಿನೊಳಗೆ ಸಣ್ಣ ಬಲ್ಬ್ ಹಚ್ಚಿ ಕಾಗದ ಅದರಲ್ಲಿಡಲು ಹೇಳಿದೆ. ಕಾಟ ನಿಂತಿತು. ಅದಕ್ಕೆ ದುಡ್ಡು ತಗೊಂಡಿಲ್ಲ.

ಆಗಸ್ಟ್

ಚೌತಿಗೆ ಮೊದಲು ನಿವೃತ್ತ ಮಾಸ್ತರರೊಬ್ಬರು ಬಂದರು. ವರ್ಷಾನುಗಟ್ಟಲೆ ಯಕ್ಷಗಾನ ಪ್ರಸಂಗದ ಪದ್ಯಗಳನ್ನು ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿ ಇಟ್ಟವರು. ಮಗ ಹೊಸ ಲ್ಯಾಪ್‌ಟಾಪ್ ಕೊಡಿಸಿದ್ದಾನೆ, ಅದರಲ್ಲಿ ಫೈಲ್ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. "ಎಲ್ಲ ಹೋಯ್ತಾ ತಮಾ?" ಎಂದು ಕೇಳುವಾಗ ಅವರ ಮುಖ ನೋಡಲು ಆಗಲಿಲ್ಲ.

ಏನೂ ಹೋಗಿರಲಿಲ್ಲ. ಹಳೆಯ ನುಡಿ ಫಾಂಟುಗಳಲ್ಲಿ ಕನ್ನಡದ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ, ಇಲ್ಲದಿದ್ದರೆ ಕಾಣುವುದಿಲ್ಲ. ಫಾಂಟ್ ಹಾಕಿದೆ, ಪದ್ಯಗಳೆಲ್ಲ ಎದ್ದು ಬಂದವು. ಅಲ್ಲಿಗೇ ಬಿಡಬಹುದಿತ್ತು. ಆದರೆ ಅವರು ಅದನ್ನು ಫೋನಿನಲ್ಲಿ ಭಾಗವತರಿಗೆ ಕಳಿಸಬೇಕಂತೆ. ಅದಕ್ಕೆ ಯೂನಿಕೋಡ್ ಬೇಕು, ಅಂದರೆ ಕನ್ನಡ ಅಕ್ಷರಗಳಿಗೆ ಅವುಗಳದೇ ಜಾಗ ಇರುವ ಪದ್ಧತಿ.

ಹಳೆಯ ಫಾಂಟಿನ ಬರಹವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕ ತಂತ್ರಾಂಶಗಳು ಇವೆ, ಬಹುತೇಕ ಸರಿಯಾಗಿ ಮಾಡುತ್ತವೆ. ತೊಡಕು ಬರುವುದು ಅರ್ಕಾವತ್ತಿನಲ್ಲಿ. ಹಳೆಯ ಫಾಂಟಿನಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಒತ್ತಕ್ಷರ, ದೀರ್ಘ ಎಲ್ಲ ಒಟ್ಟಿಗೆ ಬಂದ ಕಡೆ ಪರಿವರ್ತಕ ಎಡವುತ್ತದೆ. ಹಾಗಾಗಿ ಮಾಸ್ತರರು ಸಂಜೆ ಹೊತ್ತು ಬಂದು ಜಗಲಿಯಲ್ಲಿ ಕೂತು ಪದ್ಯ ಓದುತ್ತಿದ್ದರು, ನಾನು ತಿದ್ದುತ್ತಿದ್ದೆ. ಓದುತ್ತಾ ಓದುತ್ತಾ ಅದು ಹಾಡೇ ಆಗುತ್ತಿತ್ತು. ತಾಳ ತಪ್ಪಿದ ಕಡೆ ನಿಲ್ಲಿಸಿ, "ಇಲ್ಲಿ ಒಂದು ಮಾತ್ರೆ ಕಡಿಮೆ ಬಂತು, ನೋಡು" ಎನ್ನುತ್ತಿದ್ದರು. ನೋಡಿದರೆ ಅಲ್ಲೊಂದು ದೀರ್ಘ ಬಿಟ್ಟುಹೋಗಿರುತ್ತಿತ್ತು. ನನ್ನ ಕಣ್ಣಿಗೆ ಬೀಳದ್ದು ಅವರ ಕಿವಿಗೆ ಬೀಳುತ್ತಿತ್ತು. ಈಗ ಎಲ್ಲವೂ ಎರಡು ಕಡೆ ನಕಲಾಗಿದೆ: ಒಂದು ಪೆನ್‌ಡ್ರೈವ್ ಅವರ ಮಗಳ ಮನೆಯಲ್ಲಿ, ಇನ್ನೊಂದು ಪ್ರತಿ ಆನ್‌ಲೈನಿನಲ್ಲಿ. ಇಷ್ಟು ದಿನ ಮಾಡಿದ ಕೆಲಸಗಳಲ್ಲಿ ನನಗೆ ತುಂಬಾ ಹತ್ತಿರವಾದದ್ದು ಇದೇ.

ಅಕ್ಟೋಬರ್

ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ಹೊಸದನ್ನು ಕೊಳ್ಳದಿದ್ದರೆ ಮಾರನೇ ದಿನ ಕಂಪ್ಯೂಟರ್ ನಿಂತೇ ಹೋಗುತ್ತದೆ ಎಂದು ಜನ ಗಾಬರಿಯಾಗಿದ್ದರು. ನಿಲ್ಲುವುದಿಲ್ಲ. ಸುರಕ್ಷತೆಯ ಅಪ್‌ಡೇಟ್ ಬರುವುದು ನಿಲ್ಲುತ್ತದೆ, ಅಪಾಯ ಇರುವುದು ಅಲ್ಲಿ. ಮನೆ ಬಳಕೆಯವರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್‌ವರೆಗೆ ಆ ಅಪ್‌ಡೇಟ್ ಸಿಗುತ್ತದೆ. ವಿಂಡೋಸ್ 11 ಹಾಕಲು ಟಿಪಿಎಂ 2.0 ಎಂಬ ಸುರಕ್ಷತೆಯ ವ್ಯವಸ್ಥೆ ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನ ಪ್ರೊಸೆಸರ್ ಆದರೂ ಬೇಕು. ನಮ್ಮ ಊರಲ್ಲಿ ಅದಕ್ಕಿಂತ ಹಳೆಯವು ಇನ್ನೂ ಬೇಕಾದಷ್ಟಿವೆ.

ಬಂದವರಿಗೆ ಮೊದಲು ಕೇಳುವುದು, ಇದರಲ್ಲಿ ಏನು ಮಾಡುತ್ತೀರಿ ಎಂದು. ಲೆಕ್ಕ ಬರೆಯಲು ಟ್ಯಾಲಿ ಬಳಸುವ ಅಂಗಡಿಯವರಿಗೆ ವಿಂಡೋಸ್ ಬಿಡಲಾಗದು, ಅವರಿಗೆ ನೋಂದಣಿ ಮಾಡಿಸುವ ದಾರಿ ತೋರಿಸಿದೆ. ಪಕ್ಕದ ಕೇರಿಯ ಅಕ್ಕೋರಿಗೆ (ಶಾಲೆಯ ಟೀಚರ್) ಬೇಕಿದ್ದದ್ದು ಪ್ರಶ್ನೆಪತ್ರಿಕೆ ಟೈಪ್ ಮಾಡುವುದು, ಯೂಟ್ಯೂಬ್, ಮೇಲ್. ಅವರ ಹಳೆಯ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ತೆಗೆದು 256 ಜಿಬಿ ಎಸ್‌ಎಸ್‌ಡಿ ಹಾಕಿ, ಲಿನಕ್ಸ್ ಮಿಂಟ್ ಹಾಕಿ, ನುಡಿಯಲ್ಲಿರುವ ಕೆಜಿಪಿ ಎಂಬ ಕನ್ನಡ ಕೀಲಿಮಣೆ ವಿನ್ಯಾಸ ಜೋಡಿಸಿ ಕೊಟ್ಟೆ. ಕೈಗೆ ಅಭ್ಯಾಸವಾದ ಕೀಲಿಮಣೆಯೇ ಸಿಕ್ಕಿದ್ದರಿಂದ ಅವರು ಒಂದು ಸಂಜೆಯಲ್ಲಿ ಹೊಂದಿಕೊಂಡರು. ಮೊದಲು ಹಚ್ಚಿ ಚಾ ಮಾಡಲು ಒಳಗೆ ಹೋಗುತ್ತಿದ್ದರಂತೆ. ಈಗ ಕೂತು ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ತೆರೆದುಕೊಳ್ಳುತ್ತದೆ.

ದಸರಾ ರಜೆಯಲ್ಲಿ ದೇವಿಮನೆ ಘಟ್ಟ ಹತ್ತಿ ಶಿರಸಿಯ ಅತ್ತೆ ಮನೆಗೆ ಹೋಗಿದ್ದೆ. ಅಲ್ಲೂ ನಾಲ್ಕು ಮನೆಯ ಕಂಪ್ಯೂಟರ್ ಬಿಚ್ಚಿದೆ. ಬೇರೆಯದೇ ಲೋಕ. ಕಿಲುಬು ತುಂಬಾ ಕಡಿಮೆ. ಬದಲಿಗೆ ಬೂಸು, ಇರುವೆಗೂಡು, ಅಡಿಕೆ ಬೇಯಿಸುವ ಒಲೆಯ ಹೊಗೆಯ ಜಿಡ್ಡು ಮಸಿ. ಆ ಮಸಿ ಬ್ಲೋವರಿಗೆ ಜಗ್ಗುವುದಿಲ್ಲ, ಬ್ರಶ್ಶು, ಆಲ್ಕೋಹಾಲ್ ಹಾಕಿ ತಾಳ್ಮೆಯಿಂದ ತೆಗೆಯಬೇಕು. ಅರವತ್ತೇ ಕಿಲೋಮೀಟರ್ ದೂರ, ಆದರೆ ಅಲ್ಲಿ ಅಂಗಡಿ ಹಾಕಿದ್ದರೆ ನಾನು ಬೇರೆಯದೇ ಕೆಲಸ ಕಲಿಯುತ್ತಿದ್ದೆ.

ನವೆಂಬರ್

ಆಯಿಯ ಸಾಲ ತೀರಿತು. ರ್‍ಯಾಮಿನ ದರ ಮಾತ್ರ ಸಿಕ್ಕಾಪಟ್ಟೆ ಏರಿದೆ. ಎಐ ಡೇಟಾ ಸೆಂಟರುಗಳಿಗೆ ಮೆಮೊರಿ ಚಿಪ್ಪು ಹೋಗುತ್ತಿರುವುದರ ಬಿಸಿ ಕುಮಟಾದ ಜಗಲಿಗೂ ತಾಗಿದೆ. ಹಾಗಾಗಿ ಗುಜರಿಗೆ ಹಾಕುವ ಮೊದಲು ನನಗೆ ತೋರಿಸಿ ಎಂದು ಎಲ್ಲರಿಗೂ ಹೇಳಿದ್ದೇನೆ. ಒಳ್ಳೆಯ ರ್‍ಯಾಮ್ ಇದ್ದರೆ ದುಡ್ಡು ಕೊಟ್ಟು ತೆಗೆದುಕೊಳ್ಳುತ್ತೇನೆ, ತೊಳೆದು, ಪರೀಕ್ಷೆ ಮಾಡಿ, ಹಳೆಯದು ಎಂದು ಹೇಳಿಯೇ ಹಾಕುತ್ತೇನೆ.

ಸದ್ಯ ಮೇಜಿನ ಮೇಲೆ ಬ್ಯಾಟರಿ ಉಬ್ಬಿದ ಒಂದು ಲ್ಯಾಪ್‌ಟಾಪ್ ಇದೆ. ಬ್ಯಾಟರಿ ಬಿಡಿಸಿ ಅಂಗಳದಲ್ಲಿ ಮರಳಿನ ಬಕೆಟ್ಟಿನಲ್ಲಿಟ್ಟಿದ್ದೇನೆ. ಹೊಸದು ಬರಬೇಕು. ಹಿಂಜ್ ಮುರಿದದ್ದು ಇನ್ನೊಂದು.

ಪರೀಕ್ಷೆ ಹತ್ತಿರ ಬರುತ್ತಿರುವುದರಿಂದ ಡಿಸೆಂಬರಿನಿಂದ ಭಾನುವಾರ ಮಾತ್ರ ಕೆಲಸ. ಪರೀಕ್ಷೆ ಮುಗಿದ ಮೇಲೆ, ಏಪ್ರಿಲ್, ಮೇನಲ್ಲಿ, ಮಳೆಗಾಲದ ಮುಂಚಿನ ಸರ್ವಿಸ್ ಶುರು ಮಾಡುತ್ತೇನೆ. ಮಳೆಗೆ ಮೊದಲು ಮಾಡಿನ ಹಂಚು ಸರಿ ಮಾಡಿಸುತ್ತೇವಲ್ಲ, ಕಂಪ್ಯೂಟರಿಗೂ ಅದೇ ಹೊತ್ತಲ್ಲಿ ಆಗಬೇಕು: ಬಿಚ್ಚಿ ಧೂಳು, ಉಪ್ಪು ತೆಗೆಯುವುದು, ಪೇಸ್ಟ್ ಬದಲಿಸುವುದು, ಡಿಸ್ಕಿನ ಆರೋಗ್ಯ ನೋಡುವುದು, ಬೇಕಾದ ಫೈಲುಗಳ ನಕಲು ತೆಗೆಯುವುದು. 500 ರೂಪಾಯಿ ಇಟ್ಟಿದ್ದೇನೆ. ಕಿರಾಣಿ ಅಂಗಡಿಯವರು ಈಗಲೇ ಹೆಸರು ಬರೆಸಿದ್ದಾರೆ, ಅಕ್ಕೋರು ತಮ್ಮ ಶಾಲೆಯ ಕಂಪ್ಯೂಟರುಗಳ ಬಗ್ಗೆ ಮುಖ್ಯೋಪಾಧ್ಯಾಯರ ಹತ್ತಿರ ಮಾತಾಡಿ ಹೇಳುತ್ತೇನೆ ಅಂದಿದ್ದಾರೆ.