ಕ್ವಾರ್ಟರ್‌ಬ್ಯಾಕ್ ಬಂದ, ಸರಿ. ಅವನ ಮುಂದೆ ನಿಲ್ಲುವ ಐವರು ಯಾರು?

ಅಮೆರಿಕದ ಕಾಲೇಜು ಫುಟ್‌ಬಾಲ್ ಹುಚ್ಚು ಹಿಡಿಸಿಕೊಂಡವರಿಗೆ ಜನವರಿ ಅಂದರೆ ಊಟ ನಿದ್ದೆ ಕೆಡುವ ತಿಂಗಳು. ಕಾಲೇಜು ಬದಲಿಸಬೇಕೆಂದ ಆಟಗಾರರು ಹೆಸರು ಕೊಡುವ ಟ್ರಾನ್ಸ್‌ಫರ್ ಪೋರ್ಟಲ್ ಈಗ ವರ್ಷಕ್ಕೆ ಒಂದೇ ಸಲ ತೆರೆಯುತ್ತದೆ. 2026ರಲ್ಲಿ ಅದು ಜನವರಿ 2ರಿಂದ 16ರವರೆಗೆ. ಎನ್‌ಎಫ್‌ಎಲ್ (ಅಲ್ಲಿನ ವೃತ್ತಿಪರ ಲೀಗ್) ತಂಡಗಳು ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ಗೆ ಬೇಗ ಹೋಗುವವರು ಹೆಸರು ಕೊಡುವ ಗಡುವೂ ಅದೇ ಹೊತ್ತಿಗೆ ಬರುತ್ತದೆ. ಪ್ಲೇಆಫ್ ಪಂದ್ಯಗಳು ಇನ್ನೂ ಮುಗಿದಿರುವುದಿಲ್ಲ. ಇಷ್ಟೆಲ್ಲದರ ನಡುವೆ ಸುದ್ದಿಯಾಗುವುದು ಮಾತ್ರ ಚೆಂಡು ಎಸೆದು ಆಕ್ರಮಣ ನಡೆಸುವ ಕ್ವಾರ್ಟರ್‌ಬ್ಯಾಕ್‌ಗಳು: ಯಾರು ಎಲ್ಲಿಗೆ, ಎಷ್ಟು ದುಡ್ಡಿಗೆ. ಅವನಿಗೆ ಚೆಂಡು ಎಸೆಯಲು ಮೂರು ಸೆಕೆಂಡು ಕೊಡಿಸುವ ಐವರು, ಅಂದರೆ ಒಬ್ಬ ಸೆಂಟರ್, ಇಬ್ಬರು ಗಾರ್ಡ್, ಇಬ್ಬರು ಟ್ಯಾಕಲ್, ಯಾರೆಂದು ಕೇಳುವವರೇ ಇಲ್ಲ. ತಂಡದ ಮುಂದಿನ ಸೀಸನ್ ಹೇಗಿರುತ್ತದೆ ಅಂತ ಊಹಿಸಬೇಕಾದರೆ ಆ ಐವರಿಂದಲೇ ಶುರು ಮಾಡಬೇಕು ಅನ್ನುವುದು ನನ್ನ ವಾದ.

ಮೊದಲು ಪೋರ್ಟಲ್ ನಡೆಯುವ ಬಗೆ. ಇದು ಆಟಗಾರರ ಹೆಸರಿರುವ ಒಂದು ಡೇಟಾಬೇಸ್, ಅಷ್ಟೇ. 2018ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಆಟಗಾರ ತನ್ನ ಕಾಲೇಜಿನ ಕಂಪ್ಲೈಯನ್ಸ್ (ನಿಯಮಪಾಲನೆ) ಕಚೇರಿಗೆ ತಿಳಿಸಬೇಕು. ಅವರು ಎರಡು ಕೆಲಸದ ದಿನಗಳೊಳಗೆ ಹೆಸರು ಏರಿಸಬೇಕು. ಹೆಸರು ಏರಿದ ಮೇಲೆಯೇ ಬೇರೆ ಕಾಲೇಜಿನ ಕೋಚ್‌ಗಳು ಅವನನ್ನು ಮಾತಾಡಿಸಬಹುದು. (ಅದಕ್ಕೂ ಮೊದಲೇ ಹೈಸ್ಕೂಲ್ ಕೋಚ್ ಮೂಲಕವೋ ಏಜೆಂಟ್ ಮೂಲಕವೋ ಮಾತು ಮುಗಿದಿರುತ್ತದೆ ಅನ್ನುವುದು ಎಲ್ಲರಿಗೂ ಗೊತ್ತಿರುವ ಗುಟ್ಟು.) ಹೆಸರಿನ ಪಕ್ಕ ‘ಸಂಪರ್ಕಿಸಬೇಡಿ’ ಅನ್ನುವ ಗುರುತು ಇದ್ದರೆ ಅವನು ಹೋಗುವ ಜಾಗ ಮೊದಲೇ ನಿಶ್ಚಯವಾಗಿದೆ ಅಂತಲೇ ತಿಳಿಯಿರಿ.

ಎಷ್ಟೋ ಜನ ಎಡವುವ ಜಾಗ ಇದು: 16ನೇ ತಾರೀಖು ಪೋರ್ಟಲ್ ಒಳಗೆ ಹೋಗಲು ಕೊನೆಯ ದಿನ, ಹೊಸ ಕಾಲೇಜು ಆರಿಸಲು ಅಲ್ಲ. ಒಳಗಿರುವವನು ಫೆಬ್ರವರಿಯಲ್ಲೂ ತೀರ್ಮಾನಿಸಬಹುದು. ಆದರೆ ಹಾಗೆ ಕಾಯುವುದು ಅಪರೂಪ, ಯಾಕೆಂದರೆ ಬಹುತೇಕ ಕಾಲೇಜುಗಳ ಸೆಮಿಸ್ಟರ್ ಜನವರಿ ಮಧ್ಯದಲ್ಲೇ ಶುರುವಾಗುತ್ತದೆ. ಆ ಹೊತ್ತಿಗೆ ದಾಖಲಾಗದಿದ್ದರೆ ವಸಂತದ ಅಭ್ಯಾಸ ಕೈತಪ್ಪುತ್ತದೆ. ಒರೆಗಾನ್, ವಾಷಿಂಗ್ಟನ್, ಯುಸಿಎಲ್‌ಎ ಕಾಲೇಜುಗಳದ್ದು ವರ್ಷವನ್ನು ನಾಲ್ಕು ಭಾಗ ಮಾಡುವ ಕ್ವಾರ್ಟರ್ ಪದ್ಧತಿ, ತರಗತಿಗಳು ಇನ್ನೂ ಬೇಗ ಶುರು. ಅವರಿಗೆ ಪೋರ್ಟಲ್ ಮೊದಲ ವಾರವೇ ಮುಖ್ಯ.

ಪೋರ್ಟಲ್‌ಗೆ ಹೋದವನ ಸ್ಕಾಲರ್‌ಶಿಪ್ ಅನ್ನು ಹಳೆಯ ಕಾಲೇಜು ಆ ಟರ್ಮ್ ಮುಗಿದ ಮೇಲೆ ನಿಲ್ಲಿಸಬಹುದು. ‘ಬೇಡವಾದರೆ ವಾಪಸ್ ಬಂದರಾಯಿತು’ ಅಂತ ಹೋದವರ ಜಾಗಕ್ಕೆ ಅಷ್ಟರಲ್ಲಿ ಇನ್ನೊಬ್ಬ ಬಂದಿರುತ್ತಾನೆ. ಇನ್ನೊಂದು ತೊಡಕು ಕ್ರೆಡಿಟ್‌ಗಳದ್ದು: ಎರಡನೇ ವರ್ಷ ಮುಗಿಯುವಾಗ ಪದವಿಯ ಶೇ. 40, ಮೂರನೇ ವರ್ಷಕ್ಕೆ ಶೇ. 60, ನಾಲ್ಕಕ್ಕೆ ಶೇ. 80 ಪೂರೈಸಿರಬೇಕು. ಹೊಸ ಕಾಲೇಜು ಹಳೆಯ ಕ್ರೆಡಿಟ್‌ಗಳಲ್ಲಿ ಕೆಲವನ್ನು ಒಪ್ಪದಿದ್ದರೆ ಒಳ್ಳೆಯ ಆಟಗಾರನೂ ಅರ್ಹತೆ ಕಳೆದುಕೊಳ್ಳುತ್ತಾನೆ. ಪದವಿ ಮುಗಿಸಿ ಬರುವವನಿಗೆ ಈ ತಲೆನೋವಿಲ್ಲ.

ಮುಂಚೆ ಕಾಲೇಜು ಬದಲಿಸಿದವನು ಒಂದು ವರ್ಷ ಬೆಂಚ್ ಕಾಯಬೇಕಿತ್ತು. 2021ರಲ್ಲಿ ಒಂದು ಸಲಕ್ಕೆ ವಿನಾಯಿತಿ ಸಿಕ್ಕಿತು. 2023ರ ಡಿಸೆಂಬರ್‌ನಲ್ಲಿ ಕೋರ್ಟ್ ತಡೆ ಕೊಟ್ಟ ಮೇಲೆ, 2024ರಲ್ಲಿ ಮಿತಿಯೇ ಹೋಯಿತು. ಓದಿನಲ್ಲಿ ಪಾಸಾಗಿದ್ದರೆ ಸಾಕು, ಎಷ್ಟು ಸಲ ಬೇಕಾದರೂ ಹೋಗಬಹುದು. ಏಪ್ರಿಲ್‌ನಲ್ಲಿ ತೆರೆಯುತ್ತಿದ್ದ ಎರಡನೇ ಕಿಟಕಿಯನ್ನು ಈಗ ಮುಚ್ಚಿದ್ದು ಒಳ್ಳೆಯದೇ ಆಯಿತು. 2025ರ ಏಪ್ರಿಲ್‌ನಲ್ಲಿ ಟೆನೆಸಿಯ ಕ್ವಾರ್ಟರ್‌ಬ್ಯಾಕ್ ನಿಕೊ ಯಾಮಲೆಯಾವ ವಸಂತದ ಪಂದ್ಯದ ಹಿಂದಿನ ದಿನ ಅಭ್ಯಾಸಕ್ಕೆ ಬರಲಿಲ್ಲ. ಮರುದಿನವೇ ಕೋಚ್ ಅವನನ್ನು ಬಿಟ್ಟು ಮುಂದೆ ಹೋಗುತ್ತೇವೆ ಅಂದರು, ಅವನು ಯುಸಿಎಲ್‌ಎ ಸೇರಿದ. ವಸಂತದ ಅಭ್ಯಾಸವೆಲ್ಲ ಒಬ್ಬನ ಸುತ್ತ ನಡೆದ ಮೇಲೆ ಅವನೇ ಇಲ್ಲವೆಂದರೆ ಕೋಚ್ ಏನು ಮಾಡಬೇಕು? ಈಗಲೂ ಒಂದು ಬಾಗಿಲು ತೆರೆದಿದೆ: ಮುಖ್ಯ ಕೋಚ್ ಬದಲಾದರೆ, ಹೊಸಬರು ನೇಮಕವಾದ ಐದು ದಿನದ ನಂತರ ಆ ತಂಡದವರಿಗೆ 15 ದಿನಗಳ ಬೇರೆಯೇ ಅವಕಾಶ.

ದುಡ್ಡಿನ ವಿಷಯ ಎರಡೇ ಮಾತಿನಲ್ಲಿ. 2021ರ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಸಂಪಾದಿಸಬಹುದು. ಕೋರ್ಟ್ ಒಪ್ಪಿದ ಒಂದು ಒಪ್ಪಂದದಂತೆ 2025ರ ಜುಲೈ 1ರಿಂದ ಕಾಲೇಜುಗಳೇ ನೇರವಾಗಿ ಸಂಭಾವನೆ ಕೊಡಬಹುದು, ಮೊದಲ ವರ್ಷದ ಮಿತಿ ಎಲ್ಲ ಕ್ರೀಡೆಗಳೂ ಸೇರಿ ಒಂದು ಕಾಲೇಜಿಗೆ ಸುಮಾರು 2.05 ಕೋಟಿ ಡಾಲರ್. ಅದೇ ಒಪ್ಪಂದದಲ್ಲಿ ಫುಟ್‌ಬಾಲ್‌ನ 85 ಸ್ಕಾಲರ್‌ಶಿಪ್ ಮಿತಿ ಹೋಗಿ 105 ಆಟಗಾರರ ರೋಸ್ಟರ್ (ತಂಡದ ಪಟ್ಟಿ) ಮಿತಿ ಬಂತು.

ಈಗ ಲೈನ್, ಅಂದರೆ ಆ ಐವರ ವಿಷಯಕ್ಕೆ ಬರೋಣ. ಹೊರಗಿನಿಂದ ಬಂದ ಕ್ವಾರ್ಟರ್‌ಬ್ಯಾಕ್ ಗೆದ್ದ ಉದಾಹರಣೆಗಳು ಬೇಕಾದಷ್ಟಿವೆ, ಆದರೆ ಅವರ ಮುಂದೆ ಯಾರಿದ್ದರು ನೋಡಿ. ಜೋ ಬರೋ ಒಹಾಯೊ ಸ್ಟೇಟ್‌ನಿಂದ ಎಲ್‌ಎಸ್‌ಯುಗೆ (ಲೂಯಿಸಿಯಾನ ಸ್ಟೇಟ್) ಬಂದು 2019ರಲ್ಲಿ ಅಂಕ ತಂದ 60 ಟಚ್‌ಡೌನ್ ಪಾಸ್ ಎಸೆದ, ತಂಡ 15-0, ಅಂದರೆ 15 ಗೆಲುವು, ಸೋಲೇ ಇಲ್ಲ. ಆ ವರ್ಷ ದೇಶದ ಅತ್ಯುತ್ತಮ ಲೈನ್‌ಗೆ ಕೊಡುವ ಜೋ ಮೂರ್ ಪ್ರಶಸ್ತಿ ಎಲ್‌ಎಸ್‌ಯು ಪಾಲಾಯಿತು. ಮೈಕಲ್ ಪೆನಿಕ್ಸ್ ಇಂಡಿಯಾನಾದಿಂದ ವಾಷಿಂಗ್ಟನ್‌ಗೆ ಬಂದು 2023ರ ಸೀಸನ್‌ನಲ್ಲಿ ಫೈನಲ್ ತನಕ ಹೋದ. ಆ ಸಲದ ಜೋ ಮೂರ್ ಪ್ರಶಸ್ತಿ ವಾಷಿಂಗ್ಟನ್‌ಗೆ. ಆ ಲೈನ್‌ನ ಟ್ರಾಯ್ ಫೌಟಾನು 2024ರ ಡ್ರಾಫ್ಟ್‌ನಲ್ಲಿ 20ನೆಯವನಾಗಿ ಹೋದ, ರೋಜರ್ ರೋಸೆನ್‌ಗಾರ್ಟನ್ 62ನೆಯವನಾಗಿ.

ಇನ್ನೊಂದು ಕಡೆ ಫ್ಲೋರಿಡಾ ಸ್ಟೇಟ್. 2023ರಲ್ಲಿ 13-0 ಇದ್ದೂ ಪ್ಲೇಆಫ್‌ನಿಂದ ಹೊರಗುಳಿದ ತಂಡ. ಆ ತಂಡದ ಹತ್ತು ಮಂದಿ 2024ರ ಡ್ರಾಫ್ಟ್‌ಗೆ ಹೋದರು. ಕ್ವಾರ್ಟರ್‌ಬ್ಯಾಕ್ ಜಾಗಕ್ಕೆ ಕ್ಲೆಮ್ಸನ್, ಒರೆಗಾನ್ ಸ್ಟೇಟ್ ಎರಡೂ ಕಂಡ ಡಿ.ಜೆ. ಉಯಾಂಗಲೆಲೆ ಬಂದ. ಲೈನ್ ನಿಲ್ಲಲಿಲ್ಲ, ಅವನ ಕೈಗೂ ಪೆಟ್ಟಾಯಿತು, ಸೀಸನ್ 2-10ಕ್ಕೆ ಮುಗಿಯಿತು.

ಲೈನ್‌ನ ಟ್ರಾನ್ಸ್‌ಫರ್ ಯಾಕೆ ಕಷ್ಟ ಅಂದರೆ, ಅಲ್ಲಿ ಐವರೂ ಒಂದೇ ಮಾತು ಆಡಬೇಕು. ಥರ್ಡ್ ಆ್ಯಂಡ್ ಲಾಂಗ್‌ನಲ್ಲಿ (ಮೂರನೇ ಪ್ರಯತ್ನ, ದಾಟಬೇಕಾದ ದೂರ ಇನ್ನೂ ಬಹಳ) ಎದುರಾಳಿಗಳು ಮಾಡುವ ‘ಸ್ಟಂಟ್’ ನೋಡಿ: ಅಂಚಿನಲ್ಲಿರುವ ಡಿಫೆನ್ಸಿವ್ ಎಂಡ್ ಒಳಕ್ಕೆ ನುಗ್ಗುತ್ತಾನೆ, ಒಳಗಿದ್ದ ಡಿಫೆನ್ಸಿವ್ ಟ್ಯಾಕಲ್ ಅವನ ಹಿಂದಿನಿಂದ ಸುತ್ತಿ ಹೊರಕ್ಕೆ ಬರುತ್ತಾನೆ. ಆಗ ಗಾರ್ಡ್ ತನ್ನ ಎದುರಿದ್ದವನನ್ನು ಪಕ್ಕದಲ್ಲಿರುವ ತನ್ನ ತಂಡದ ಟ್ಯಾಕಲ್‌ಗೆ ಒಪ್ಪಿಸಿ, ನುಗ್ಗಿ ಬರುವವನನ್ನು ತಾನು ಹಿಡಿಯಬೇಕು. ಈ ಕೈಬದಲಿಗೆ ಅರ್ಧ ಸೆಕೆಂಡೂ ಸಿಗುವುದಿಲ್ಲ. ಹೊಸದಾಗಿ ಸೇರಿದ ಲೈನ್‌ನಲ್ಲಿ ಇಬ್ಬರೂ ಒಬ್ಬನ ಹಿಂದೆಯೇ ಹೋಗುತ್ತಾರೆ, ಇನ್ನೊಬ್ಬ ತಡೆಯೇ ಇಲ್ಲದೆ ಕ್ವಾರ್ಟರ್‌ಬ್ಯಾಕ್ ಮೇಲೆ ಬೀಳುತ್ತಾನೆ. ಟಿವಿಯಲ್ಲಿ ಅದು ಒಬ್ಬನ ಸೋಮಾರಿತನದಂತೆ ಕಾಣುತ್ತದೆ. ನಿಜದಲ್ಲಿ ಎರಡು ಕಾಲೇಜುಗಳ ಕೂಗು ಸಂಕೇತಗಳು ಇನ್ನೂ ಒಂದಾಗಿರುವುದಿಲ್ಲ. ಐವರಲ್ಲಿ ಮೂವರು ಹಳಬರು ಉಳಿದಿದ್ದರೆ, ಅದರಲ್ಲೂ ಸೆಂಟರ್ ಹಳಬನಾಗಿದ್ದರೆ, ಇಬ್ಬರು ಹೊಸಬರನ್ನು ಸೇರಿಸಿಕೊಳ್ಳಬಹುದು. ನಾಲ್ವರು ಹೊಸಬರಾದರೆ ಸೆಪ್ಟೆಂಬರ್ ತಿಂಗಳು ನಷ್ಟವೇ ಅಂತ ಲೆಕ್ಕ ಹಾಕಿ.

ಒಬ್ಬ ಲೈನ್‌ಮನ್ ಬಂದ ಸುದ್ದಿ ಓದಿದಾಗ ಹೈಸ್ಕೂಲ್ ಕಾಲದ ‘ಸ್ಟಾರ್’ ರೇಟಿಂಗ್ ಮರೆತು ಸ್ನ್ಯಾಪ್ ಎಣಿಕೆ ಹುಡುಕಿ. ಚೆಂಡನ್ನು ಹಿಂದಕ್ಕೆ ಕೊಟ್ಟು ಪ್ರತಿ ಸಲ ಆಟ ಶುರು ಮಾಡುವುದೇ ಸ್ನ್ಯಾಪ್. ಒಂದು ಪಂದ್ಯಕ್ಕೆ ಆಕ್ರಮಣದ ಕಡೆ ಸುಮಾರು 60ರಿಂದ 75 ಸ್ನ್ಯಾಪ್. ಹನ್ನೆರಡು ಪಂದ್ಯ ಆಡಿದವನಿಗೆ 700ರ ಮೇಲಿರಬೇಕು. ಎರಡು ಸೀಸನ್‌ನಲ್ಲಿ 150 ಸ್ನ್ಯಾಪ್ ಮಾತ್ರ ಆಡಿದ ಫೋರ್-ಸ್ಟಾರ್‌ಗಿಂತ, ಸಣ್ಣ ಕಾಲೇಜಿನಲ್ಲಿ 1,500 ಆಡಿದವನೇ ಮೇಲು. ಎಲ್ಲಿ ಆಡಿದ ಅನ್ನುವುದೂ ಮುಖ್ಯ: ರೈಟ್ ಟ್ಯಾಕಲ್ ಆಗಿದ್ದವನನ್ನು ಲೆಫ್ಟ್‌ಗೆ ಹಾಕಿದರೆ ಹಿಂದೆ ಸರಿಯುವ ಕಾಲು ಬದಲಾಗುತ್ತದೆ, ಮೊದಲ ಕೈ ಬದಲಾಗುತ್ತದೆ. ಎಷ್ಟು ವರ್ಷ ಉಳಿದಿದೆ ಅಂತಲೂ ನೋಡಿ. ಐದು ವರ್ಷದೊಳಗೆ ನಾಲ್ಕು ಸೀಸನ್ ಆಡಬಹುದು, ನಾಲ್ಕು ಪಂದ್ಯಕ್ಕಿಂತ ಹೆಚ್ಚು ಆಡದ ವರ್ಷ ರೆಡ್‌ಶರ್ಟ್ ಆಗಿ, ಅಂದರೆ ಆ ನಾಲ್ಕು ಸೀಸನ್‌ಗಳ ಲೆಕ್ಕಕ್ಕೆ ಸೇರದೆ, ಉಳಿಯಬಹುದು. ಇಂಡಿಯಾನಾದ ಕೋಚ್ ಕರ್ಟ್ ಸಿಗ್ನೆಟಿ ಈ ಲೆಕ್ಕದಲ್ಲಿ ಪಳಗಿದವರು. 2023ರಲ್ಲಿ 3-9 ಇದ್ದ ತಂಡಕ್ಕೆ ತಮ್ಮ ಹಿಂದಿನ ಕಾಲೇಜು ಜೇಮ್ಸ್ ಮ್ಯಾಡಿಸನ್‌ನಿಂದ ಆಟಗಾರರ ದಂಡನ್ನೇ ಕರೆತಂದರು. 2024ರಲ್ಲಿ ತಂಡ 11-2. ಬಂದವರಲ್ಲಿ ದೊಡ್ಡ ಹೆಸರುಗಳಿರಲಿಲ್ಲ, ಅನುಭವವಿತ್ತು. ಕೋಚ್‌ನ ಭಾಷೆಯೂ ಅವರಿಗೆ ಮೊದಲೇ ಗೊತ್ತಿತ್ತು. 2025ರಲ್ಲಿ ಕ್ಯಾಲಿಫೋರ್ನಿಯಾದಿಂದ ಬಂದ ಫರ್ನಾಂಡೊ ಮೆಂಡೋಸಾ ಇದೇ ಇಂಡಿಯಾನಾದಲ್ಲಿ ದೇಶದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್ಮನ್ ಪ್ರಶಸ್ತಿ ಗೆದ್ದ.

ಡ್ರಾಫ್ಟ್ ಅನ್ನು ಐಪಿಎಲ್ ಹರಾಜಿನಂತೆ ಅಂದುಕೊಂಡರೆ ತಲೆಕೆಳಗಾಗುತ್ತದೆ. ಇಲ್ಲಿ ಕೂಗುವ ಬೆಲೆ ಇಲ್ಲ. ಹಿಂದಿನ ಸೀಸನ್‌ನಲ್ಲಿ ಅತಿ ಕೆಟ್ಟದಾಗಿ ಆಡಿದ ತಂಡಕ್ಕೆ ಮೊದಲ ಆಯ್ಕೆ, ಏಳು ಸುತ್ತು, ಸಂಬಳ ಬಹುಮಟ್ಟಿಗೆ ಆಯ್ಕೆಯ ಸಂಖ್ಯೆಯ ಮೇಲೆ ನಿಗದಿ. ಹೈಸ್ಕೂಲ್ ಮುಗಿಸಿ ಮೂರು ವರ್ಷ ಕಳೆದಿರಬೇಕು. ಬೇಗ ಹೋಗಬೇಕೆಂದವರು ಲೀಗ್‌ನ ಸಲಹಾ ಸಮಿತಿಯ ಅಭಿಪ್ರಾಯ ಕೇಳಬಹುದು. ಉತ್ತರ ಮೂರೇ ಬಗೆ: ಮೊದಲ ಸುತ್ತು, ಎರಡನೇ ಸುತ್ತು, ಇಲ್ಲವೇ ಕಾಲೇಜಿನಲ್ಲೇ ಇರು.

ಆ ಮೂರನೇ ಉತ್ತರಕ್ಕೆ ಈಗ ತೂಕ ಬಂದಿದೆ. ಏಳನೇ ಸುತ್ತಿನಲ್ಲಿ ಹೋದವನಿಗೆ ತಂಡದಲ್ಲಿ ಜಾಗ ಸಿಕ್ಕರೆ ವರ್ಷದ ಕನಿಷ್ಠ ಸಂಬಳ, 2025ರಲ್ಲಿ 8,40,000 ಡಾಲರ್. ಖಾತ್ರಿಯಾಗಿ ಕೈಗೆ ಬರುವುದು ಚಿಕ್ಕ ಸಹಿ ಬೋನಸ್ ಮಾತ್ರ. ದೊಡ್ಡ ಕಾಲೇಜಿನ ಒಳ್ಳೆಯ ಕ್ವಾರ್ಟರ್‌ಬ್ಯಾಕ್‌ಗೆ ಕಾಲೇಜಿನಲ್ಲೇ ಅದಕ್ಕಿಂತ ಹೆಚ್ಚು ಸಿಗುತ್ತದೆ. ಟೆಕ್ಸಸ್‌ನ ಕ್ವಿನ್ ಯೂವರ್ಸ್ 2025ರಲ್ಲಿ ಡ್ರಾಫ್ಟ್‌ಗೆ ಹೋಗಿ 231ನೇ ಆಯ್ಕೆಯಾದ. ಕ್ವಾರ್ಟರ್‌ಬ್ಯಾಕ್ ಕ್ಯಾಮ್ ವಾರ್ಡ್ ಮಾಡಿದ್ದು ಉಲ್ಟಾ: ಇನ್ಕಾರ್ನೇಟ್ ವರ್ಡ್ ಕಾಲೇಜಿನಿಂದ ವಾಷಿಂಗ್ಟನ್ ಸ್ಟೇಟ್, ಅಲ್ಲಿಂದ 2024ರ ಡ್ರಾಫ್ಟ್‌ಗೆ ಹೆಸರು ಕೊಟ್ಟು, ಮನಸ್ಸು ಬದಲಿಸಿ ಮಯಾಮಿ ಸೇರಿ ಇನ್ನೊಂದು ವರ್ಷ ಆಡಿದ; 2025ರಲ್ಲಿ ಮೊದಲ ಆಯ್ಕೆ ಅವನೇ.

ಡ್ರಾಫ್ಟ್‌ಗೆ ಮುಂಚೆ ಗಾಯವಾದೀತೆಂದು ಸೀಸನ್ ಕೊನೆಯ ಬೌಲ್ ಪಂದ್ಯ ಆಡದೆ ಕೂರುವವರನ್ನು ಬೈಯುವವರು ಜೇಲನ್ ಸ್ಮಿತ್‌ನನ್ನು ನೆನೆಸಿಕೊಳ್ಳಲಿ. ನೋಟ್ರ್ ಡೇಮ್‌ನ ಲೈನ್‌ಬ್ಯಾಕರ್ (ರಕ್ಷಣೆಯ ಕಡೆಯವನು), 2016ರ ಜನವರಿ 1ರ ಫಿಯೆಸ್ಟಾ ಬೌಲ್‌ನಲ್ಲಿ ಮೊಣಕಾಲು ಹಾಳು ಮಾಡಿಕೊಂಡ. ಮೊದಲ ಸುತ್ತಿನ ಮೇಲ್ಭಾಗದಲ್ಲಿ ಹೋಗಬೇಕಿದ್ದವನು 34ಕ್ಕೆ ಇಳಿದ. ಅದೇ ವರ್ಷದ ಕೊನೆಗೆ ಕ್ರಿಶ್ಚಿಯನ್ ಮೆಕಾಫ್ರಿ, ಲೆನರ್ಡ್ ಫೋರ್ನೆಟ್ ಇಬ್ಬರೂ ಬೌಲ್ ಬಿಟ್ಟರು, ಆಮೇಲೆ ಅದೇ ರೂಢಿಯಾಯಿತು.

ಡ್ರಾಫ್ಟ್‌ಗೆ ಮುಂಚೆ ಎನ್‌ಎಫ್‌ಎಲ್ ಆಟಗಾರರನ್ನು ಅಳೆದು ಪರೀಕ್ಷಿಸುವ ಕಂಬೈನ್‌ನ ಅಳತೆಗಳಲ್ಲಿ ಲೈನ್‌ಮನ್‌ನ 40 ಯಾರ್ಡ್ ಓಟ ನೋಡಿ ಏನೂ ಸಿಗುವುದಿಲ್ಲ. ಮೊದಲ ಹತ್ತು ಯಾರ್ಡ್‌ನ ವೇಳೆ ನೋಡಿ, ತೋಳಿನ ಉದ್ದ ನೋಡಿ. ಎಲ್‌ಎಸ್‌ಯುನ ಲೆಫ್ಟ್ ಟ್ಯಾಕಲ್ ವಿಲ್ ಕ್ಯಾಂಪ್‌ಬೆಲ್‌ನ ತೋಳು ಕಂಬೈನ್‌ನಲ್ಲಿ 32 5/8 ಇಂಚು, ಕಾಲೇಜಿನಲ್ಲೇ ಪರೀಕ್ಷೆ ನಡೆಯುವ ಪ್ರೊ ಡೇಯಲ್ಲಿ 33 ಇಂಚು. ಟ್ಯಾಕಲ್‌ಗೆ 33 ಬೇಕು ಅನ್ನುವುದು ಹಳೆಯ ಕಟ್ಟಳೆ. ಈ ಅರ್ಧ ಇಂಚೂ ಇಲ್ಲದ ವ್ಯತ್ಯಾಸದ ಜಗಳ ಎರಡು ತಿಂಗಳು ನಡೆಯಿತು. ಎನ್‌ಎಫ್‌ಎಲ್‌ನ ನ್ಯೂ ಇಂಗ್ಲೆಂಡ್ ತಂಡ ತಲೆ ಕೆಡಿಸಿಕೊಳ್ಳದೆ 4ನೇ ಆಯ್ಕೆಯಲ್ಲಿ ಅವನನ್ನೇ ತೆಗೆದುಕೊಂಡಿತು.

ಪಂದ್ಯ ನೋಡುವಾಗ ಮೊದಲ ಎರಡು ಸರದಿ ಚೆಂಡಿನ ಹಿಂದೆ ಕಣ್ಣು ಓಡಿಸಬೇಡಿ. ಸ್ನ್ಯಾಪ್ ಆದ ತಕ್ಷಣ ಲೆಫ್ಟ್ ಟ್ಯಾಕಲ್‌ನ ಕಾಲು ನೋಡಿ: ಹಿಂದಕ್ಕೆ ಸಣ್ಣ ಸಣ್ಣ ಹೆಜ್ಜೆ ಇಡುತ್ತಾನಾ, ಸೊಂಟ ಬೇಗ ಹೊರಕ್ಕೆ ತಿರುಗಿಸಿಬಿಡುತ್ತಾನಾ? ಬೇಗ ತಿರುಗಿದರೆ ಒಳಗಿನ ದಾರಿ ತೆರೆದ ಹಾಗೆ. ಎದುರಾಳಿ ಕೋಚ್ ಎರಡನೇ ಕ್ವಾರ್ಟರ್ ಹೊತ್ತಿಗೆ ಅಲ್ಲಿಗೇ ಕೈ ಹಾಕುತ್ತಾನೆ. ಪ್ರತಿ ಆಟಕ್ಕೂ ಚೆಂಡು ಇಡುವುದು ಎರಡು ಸಾಲು ಹ್ಯಾಶ್ ಗೆರೆಗಳ ಮೇಲೆ ಇಲ್ಲವೇ ನಡುವೆ. ಕಾಲೇಜು ಮೈದಾನದಲ್ಲಿ ಆ ಗೆರೆಗಳ ನಡುವೆ 40 ಅಡಿ, ಎನ್‌ಎಫ್‌ಎಲ್‌ನಲ್ಲಿ ಹದಿನೆಂಟೂವರೆ. ಹಾಗಾಗಿ ಚೆಂಡು ಒಂದು ಬದಿಯ ಹ್ಯಾಶ್ ಮೇಲಿದ್ದರೆ ಇನ್ನೊಂದು ಬದಿ ಬಯಲಾಗಿರುತ್ತದೆ; ಆ ಅಗಲದ ಕಡೆ ಓಡುವ ಆಟ ಜಾಸ್ತಿ. ಎನ್‌ಎಫ್‌ಎಲ್ ನೋಡಿ ಬಂದವರಿಗೆ ಇನ್ನೆರಡು: ಕ್ಯಾಚ್‌ಗೆ ಒಂದು ಕಾಲು ಗೆರೆಯೊಳಗಿದ್ದರೆ ಸಾಕು, ಮತ್ತು ಯಾರೂ ಮುಟ್ಟದಿದ್ದರೂ ಮೊಣಕಾಲು ನೆಲಕ್ಕೆ ತಾಗಿದರೆ ಆಟ ನಿಲ್ಲುತ್ತದೆ. ಟಾರ್ಗೆಟಿಂಗ್‌ಗೆ (ತಲೆಗೆ ಗುರಿಯಿಟ್ಟು ಗುದ್ದುವಂಥ ತಪ್ಪು) 15 ಯಾರ್ಡ್ ದಂಡದ ಜೊತೆ ಆಟಗಾರನೂ ಹೊರಗೆ.

ಬೆಂಗಳೂರಿನಲ್ಲಿ ಕೂತು ನೋಡುವವರಿಗೆ ವೇಳೆ: ಅಮೆರಿಕದ ಪೂರ್ವ ಕರಾವಳಿಯ ಶನಿವಾರ ಮಧ್ಯಾಹ್ನ 12ರ ಪಂದ್ಯ ನಮಗೆ ರಾತ್ರಿ 9.30ಕ್ಕೆ. 3.30ರದ್ದು ನಡುರಾತ್ರಿ 1ಕ್ಕೆ, ಸಂಜೆ 7.30ರದ್ದು ಭಾನುವಾರ ಬೆಳಿಗ್ಗೆ 5ಕ್ಕೆ, ಪಶ್ಚಿಮ ಕರಾವಳಿಯ ತಡರಾತ್ರಿ ಪಂದ್ಯ ತಿಂಡಿ ಹೊತ್ತಿಗೆ, 8ರ ಸುಮಾರಿಗೆ. ಒಂದು ಪಂದ್ಯಕ್ಕೆ ಮೂರೂವರೆ ಗಂಟೆ ಇಟ್ಟುಕೊಳ್ಳಿ. ನವೆಂಬರ್‌ನ ಮೊದಲ ಭಾನುವಾರ ಅಲ್ಲಿನ ಗಡಿಯಾರ ಹಿಂದಕ್ಕೆ ಹೋಗುತ್ತದೆ, ನಮ್ಮದು ಹೋಗುವುದಿಲ್ಲ. ಅಲ್ಲಿಂದ ಎಲ್ಲಕ್ಕೂ ಒಂದು ಗಂಟೆ ಸೇರಿಸಿಕೊಳ್ಳಬೇಕು. ಎಷ್ಟೋ ಪಂದ್ಯಗಳ ನಿಖರ ವೇಳೆ ಪ್ರಕಟವಾಗುವುದೇ 12 ದಿನ ಮುಂಚೆ, ಕೆಲವದ್ದು ಆರೇ ದಿನ ಮುಂಚೆ. ಅದಕ್ಕೂ ಮೊದಲೇ ಅಲಾರ್ಮ್ ಇಟ್ಟರೆ ಪ್ರಯೋಜನವಿಲ್ಲ.